ಹನ್ನೆರಡು ಒಬ್ಬಟ್ಟು, ಮೂವತ್ತು ರೂಪಾಯಿ

ಒಂದು ಭಾನುವಾರ ಹೋಟೆಲಿನಿಂದ ಇಡ್ಲಿ ಪಾರ್ಸೆಲ್ ಕಟ್ಟಿಸಿಕೊಂಡು ಬಂದೆ. ಪೊಟ್ಟಣಗಳ ಮೇಲೆ ಹೆಸರು ಬರೆಯುವ ಪದ್ಧತಿ ಯಾವ ಹೋಟೆಲಿನಲ್ಲೂ ಇಲ್ಲ. ಬೆಳ್ಳಗೆ ಕಂಡದ್ದನ್ನು ಚಟ್ನಿ ಎಂದು ನಂಬಿ ಹಲ್ಲಿನಿಂದ ದಾರ ಕಚ್ಚಿ ಬಿಚ್ಚಿ ನಾಲ್ಕೂ ಇಡ್ಲಿಗಳ ಮೇಲೆ ಧಾರಾಳವಾಗಿ ಸುರಿದೆ. ಅದು ಗಸಗಸೆ ಪಾಯಸ. ಹೆಂಡತಿ ಹೆಚ್ಚು ಮಾತನಾಡಲಿಲ್ಲ. "ಕಟ್ಟಿದವನು ಯಾವ ಕ್ರಮದಲ್ಲಿ ಇಟ್ಟಿದ್ದಾನೆ ಎಂದು ನೋಡಿ ಬಿಚ್ಚಬೇಕು" ಎಂದಷ್ಟೇ ಹೇಳಿ ತನ್ನ ತಟ್ಟೆಗೆ ಬ್ರೆಡ್ ಹಾಕಿಕೊಂಡಳು. ಆ ಮಾತನ್ನು ನಾನು ಅಂದೇ ಗೋಡೆಯ ಮೇಲೆ ಬರೆದಿಟ್ಟುಕೊಂಡಿದ್ದರೆ ನನ್ನ ಷಡ್ಡಕನ ಮುಂದೆ ತಲೆತಗ್ಗಿಸುವ ಪ್ರಸಂಗ ಬರುತ್ತಿರಲಿಲ್ಲ.

ಷಡ್ಡಕನದು ಕುರುಕಲು ತಿಂಡಿಯ ಅಂಗಡಿ. ಹಬ್ಬ ಬಂದರೆ ಒಬ್ಬಟ್ಟು, ಮೈಸೂರು ಪಾಕು. ಆರ್ಡರುಗಳನ್ನು ಆತ ಹಳೆಯ ಲಗ್ನಪತ್ರಿಕೆಗಳ ಹಿಂಬದಿಯಲ್ಲಿ ಬರೆದಿಟ್ಟುಕೊಳ್ಳುತ್ತಿದ್ದ. ನಾನು ಆಂಡ್ರಾಯ್ಡ್ ಆ್ಯಪ್‌ಗಳನ್ನು ಬರೆದು ಹೊಟ್ಟೆ ಹೊರೆಯುವವನೆಂದು ತಿಳಿದ ಮೇಲೆ "ನಮಗೂ ಒಂದು ಮಾಡಿಕೊಡು" ಎಂದ. ಮನೆಯವನು ಮಾಡಿದರೆ ಬಿಟ್ಟಿ ಎಂಬುದು ಅವನ ಲೆಕ್ಕ. ಮೂರೇ ಪರದೆಗಳು ತಾನೇ, ಎರಡು ಸಂಜೆಯ ಕೆಲಸ ಎಂಬುದು ನನ್ನ ಲೆಕ್ಕ. ಮೊದಲ ಪರದೆಯಲ್ಲಿ ಆರ್ಡರು ಬರೆದುಕೊಳ್ಳುವುದು, ಎರಡನೆಯದರಲ್ಲಿ ಗಿರಾಕಿಗೆ ಒಟ್ಟು ಮೊತ್ತ ತೋರಿಸಿ ಹೂಂ ಎನ್ನಿಸಿಕೊಳ್ಳುವುದು, ಮೂರನೆಯದರಲ್ಲಿ ಅಡುಗೆಮನೆಯ ಭಟ್ಟರಿಗೆ ಎಷ್ಟು ಬೇಕೆಂದು ದೊಡ್ಡ ಅಕ್ಷರದಲ್ಲಿ ತೋರಿಸುವುದು.

ಪರದೆಯಿಂದ ಪರದೆಗೆ ಒಂದು ಸಂಖ್ಯೆಯನ್ನೋ ಒಂದು ಹೆಸರನ್ನೋ ಕಳಿಸುವುದು ಸುಲಭ. ಇಂಟೆಂಟ್ ಎಂಬ ಚೀಟಿಗೆ ಅಂಟಿಸಿ ಕಳಿಸಿದರೆ ಮುಗಿಯಿತು. ಆದರೆ ನಾವೇ ಕಟ್ಟಿಕೊಂಡ ವಸ್ತುವನ್ನು, ಗಿರಾಕಿಯ ಹೆಸರು, ತಿಂಡಿ, ಎಣಿಕೆ, ಬೆಲೆ, ವಿಳಾಸ ಎಲ್ಲವೂ ಸೇರಿದ 'ಆರ್ಡರ್' ಎಂಬ ವಸ್ತುವನ್ನು, ಹಾಗೆಯೇ ಎತ್ತಿ ಕೊಡಲು ಆಂಡ್ರಾಯ್ಡ್ ಬಿಡುವುದಿಲ್ಲ. ಎರಡು ಪರದೆಗಳೂ ಒಂದೇ ಆ್ಯಪಿನವು, ಒಂದೇ ಮನೆಯ ಎರಡು ಕೋಣೆಗಳಿದ್ದಂತೆ. ಆದರೂ ಚೀಟಿ ನೇರವಾಗಿ ಪಕ್ಕದ ಕೋಣೆಗೆ ಹೋಗುವುದಿಲ್ಲ. ಹೊಸ ಪರದೆ ತೆರೆಯಬೇಕಾದರೆ ವ್ಯವಸ್ಥೆಯ ಅಪ್ಪಣೆ ಬೇಕು. ಹಾಗಾಗಿ ಅದು ತಾಲ್ಲೂಕು ಕಚೇರಿಗೆ ಹೋಗಿ ಮೊಹರು ಹಾಕಿಸಿಕೊಂಡು ಅದೇ ಮನೆಗೆ ಮರಳುತ್ತದೆ. ಆ ಪ್ರಯಾಣಕ್ಕೆ ವಸ್ತುವನ್ನು ಬಿಡಿಬಿಡಿಯಾಗಿ ಬಿಚ್ಚಿ ಕಟ್ಟಬೇಕು, ಆಚೆ ಬದಿಯಲ್ಲಿ ಮತ್ತೆ ಜೋಡಿಸಬೇಕು. ಕಟ್ಟುವ ಆ ಗಂಟಿಗೆ ಆಂಡ್ರಾಯ್ಡ್ ಇಟ್ಟಿರುವ ಹೆಸರೇ ಪಾರ್ಸೆಲ್. ಹೆಸರಿಟ್ಟವರು ಬೆಂಗಳೂರಿನ ಹೋಟೆಲಿನಲ್ಲಿ ಎಂದಾದರೂ ಇಡ್ಲಿ ಕಟ್ಟಿಸಿಕೊಂಡಿದ್ದರೋ ಏನೋ.

ಸೋಮಾರಿಗಳಿಗೆ ಬೇರೆ ದಾರಿಯೂ ಇದೆ. 1997ರಿಂದಲೂ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸೀರಿಯಲೈಸಬಲ್ ಎಂಬ ಒಂದು ಪದವಿದೆ. ಅದರೊಳಗೆ ಒಂದೇ ಒಂದು ಕೆಲಸದ ಸಾಲಿಲ್ಲ. ವಸ್ತುವಿನ ಹಣೆಗೆ ಆ ಪದ ಬರೆದರೆ ಸಾಕು, ಉಳಿದದ್ದನ್ನು ಜಾವಾ ತಾನೇ ತಡಕಾಡಿ ನೋಡಿಕೊಳ್ಳುತ್ತದೆ, ಸ್ವಲ್ಪ ನಿಧಾನವಾಗಿ. ದಿನಕ್ಕೆ ಇಪ್ಪತ್ತು ಆರ್ಡರು ಬರುವ ಅಂಗಡಿಗೆ ಆ ನಿಧಾನ ಗೊತ್ತೇ ಆಗುತ್ತಿರಲಿಲ್ಲ. ಆದರೆ ನನಗೆ ಅನುಭವಸ್ಥನೆಂಬ ಹಮ್ಮು. ವೇಗವಾದ ಪಾರ್ಸೆಲಬಲ್ ವಿಧಾನವನ್ನೇ ಹಿಡಿದು, ಕಟ್ಟುವ ಸಾಲುಗಳನ್ನೂ ಬಿಚ್ಚುವ ಸಾಲುಗಳನ್ನೂ ನನ್ನ ಕೈಯಾರೆ ಬರೆದೆ.

ಮೊದಲ ದಿನ ಎರಡನೆಯ ಪರದೆ ತೆರೆಯುತ್ತಲೇ ಮುಚ್ಚಿಕೊಳ್ಳುತ್ತಿತ್ತು. ಕಳಿಸುವಾಗ ಚೀಟಿಯ ಮೇಲೆ ಇಂಗ್ಲಿಷಿನ ಸಣ್ಣ ಓ ಅಕ್ಷರದ 'ಆರ್ಡರ್' ಎಂದು ಬರೆದು, ಪಡೆಯುವಾಗ ದೊಡ್ಡ ಓ ಹಾಕಿ ಕೇಳಿದ್ದೆ. ಅಂಥ ಹೆಸರಿನವರು ಇಲ್ಲಿ ಯಾರೂ ಇಲ್ಲ ಎಂಬ ಉತ್ತರ ಬರುತ್ತಿತ್ತು. ಅದನ್ನು ಕಂಡುಹಿಡಿಯಲು ಎರಡು ಗಂಟೆ ಹಿಡಿಯಿತು. ಇಂಥದ್ದು ನಮ್ಮ ಕಸುಬಿನಲ್ಲಿ ದಿನದ ಮಾತು, ಬಿಡಿ.

ಪ್ರಮಾದ ನಡೆದದ್ದು ಯುಗಾದಿಗೆ ಎರಡು ದಿನ ಇರುವಾಗ, ರಾತ್ರಿ ಹನ್ನೊಂದರ ಮೇಲೆ. ಕೆಲಸವೆಲ್ಲ ಮುಗಿದಿತ್ತು. ಮುಗಿದ ಮೇಲೆ ಮಲಗದೆ ಬರೆದದ್ದನ್ನು ಚೊಕ್ಕಟ ಮಾಡಲು ಕೂತೆ. ಬಿಚ್ಚುವ ಕಡೆಯ ಸಾಲುಗಳಲ್ಲಿ ಬೆಲೆ ಮೇಲಿದ್ದು ಎಣಿಕೆ ಕೆಳಗಿದ್ದರೆ ಕಣ್ಣಿಗೆ ಚೆನ್ನ ಎನ್ನಿಸಿ ಅವೆರಡರ ಜಾಗ ಬದಲಿಸಿದೆ. ಕಟ್ಟುವ ಕಡೆಯ ಸಾಲುಗಳನ್ನು ಮುಟ್ಟಲಿಲ್ಲ. ಪಾರ್ಸೆಲಿನೊಳಗೆ ಯಾವುದಕ್ಕೂ ಹೆಸರಿಲ್ಲ. ಬರೆದ ಕ್ರಮದಲ್ಲೇ ಓದಬೇಕು, ಅಷ್ಟೇ ನಿಯಮ. ಹೆಸರಿನ ಜಾಗಕ್ಕೆ ಸಂಖ್ಯೆ ಬಂದಿದ್ದರೆ ಪರದೆಯ ಮೇಲೆ ಏನಾದರೂ ವಿಕಾರ ಕಾಣಿಸಿ ಆಗಲೇ ಸಿಕ್ಕಿಬೀಳುತ್ತಿದ್ದೆ. ಆದರೆ ಎಣಿಕೆಯೂ ಪೂರ್ಣಾಂಕ, ಬೆಲೆಯೂ ಪೂರ್ಣಾಂಕ. ಯಂತ್ರಕ್ಕೆ ಹನ್ನೆರಡಾದರೇನು, ಮೂವತ್ತಾದರೇನು.

ಹಾಗೆಂದು ನಾನು ಪರೀಕ್ಷೆ ಮಾಡದೆ ಕೊಟ್ಟವನಲ್ಲ. ಹತ್ತು ರೂಪಾಯಿಯ ಹತ್ತು ಒಬ್ಬಟ್ಟು ಹಾಕಿ ನೋಡಿದೆ. ಎಲ್ಲ ಸರಿಯಿತ್ತು. ನೆಮ್ಮದಿಯಿಂದ ಮಲಗಿದೆ.

ಮರುದಿನ ಅಂಗಡಿಯಲ್ಲಿ ಆದದ್ದನ್ನು ಆಮೇಲೆ ಮೂರು ಜನರ ಬಾಯಿಂದ ಕೇಳಿ ಜೋಡಿಸಿಕೊಂಡೆ. ಮೊದಲು ಬಂದವರು ಒಬ್ಬ ನಿವೃತ್ತ ಮೇಷ್ಟರು. ಹನ್ನೆರಡು ಒಬ್ಬಟ್ಟು ಕೇಳಿದರು, ಒಂದಕ್ಕೆ ಮೂವತ್ತು ರೂಪಾಯಿ. ಎರಡನೆಯ ಪರದೆ ಗುಣಿಸಿ 360 ಎಂದಿತು. ಹನ್ನೆರಡು ಮೂವತ್ತಲಾದರೂ ಅಷ್ಟೇ, ಮೂವತ್ತು ಹನ್ನೆರಡಲಾದರೂ ಅಷ್ಟೇ. ಪರಿವರ್ತನೀಯ ನಿಯಮ ಎಂದು ಶಾಲೆಯಲ್ಲಿ ನಮಗೆ ಬಾಯಿಪಾಠ ಮಾಡಿಸಿದ್ದು ಇದನ್ನೇ. ಮೊತ್ತ ಸರಿಯಿದ್ದುದರಿಂದ ಷಡ್ಡಕನಿಗೆ ಅನುಮಾನ ಬರಲಿಲ್ಲ, ಮೇಷ್ಟರಿಗೂ ಬರಲಿಲ್ಲ. ಮೊದಲ ಪರದೆಯಿಂದಲೇ ಆರ್ಡರು ಪಡೆಯುತ್ತಿದ್ದ ಮೂರನೆಯ ಪರದೆ ಮಾತ್ರ ಭಟ್ಟರಿಗೆ "ಒಬ್ಬಟ್ಟು: 30" ಎಂದು ತೋರಿಸಿತು.

ಎರಡನೆಯವರು ಆರು ಕೇಳಿದರು. ಭಟ್ಟರಿಗೆ ಮೂವತ್ತು. ಮೂರನೆಯವರ ಮನೆಯಲ್ಲಿ ಗೃಹಪ್ರವೇಶ, ನೂರು ಬೇಕು. ಭಟ್ಟರಿಗೆ ಮೂವತ್ತು. ಒಬ್ಬಟ್ಟಿನ ಬೆಲೆ ಎಲ್ಲರಿಗೂ ಒಂದೇ ಆದ್ದರಿಂದ ಅಂದು ಊರಿನ ಬಡವ ಬಲ್ಲಿದರೆಂಬ ಭೇದವಿಲ್ಲದೆ ಸರ್ವರಿಗೂ ತಲಾ ಮೂವತ್ತು ಒಬ್ಬಟ್ಟು ಸಂದವು. ಭಟ್ಟರಿಗಂತೂ ಖುಷಿ. "ಈ ಸಲ ಜನರೆಲ್ಲ ಮಾತನಾಡಿಕೊಂಡು ಬಂದಿದ್ದಾರೆ, ಎಣಿಸುವ ತಾಪತ್ರಯವೇ ಇಲ್ಲ" ಎಂದು ಮೂವತ್ತರ ಕಟ್ಟುಗಳನ್ನು ಸಾಲಾಗಿ ಜೋಡಿಸುತ್ತ ಹೋದರಂತೆ.

ಮಧ್ಯಾಹ್ನ ಮೂರರ ಹೊತ್ತಿಗೆ ಯಾರೋ ಎರಡು ಕೆ.ಜಿ. ಮೈಸೂರು ಪಾಕು ಕೇಳಿದರು. ಕೆ.ಜಿ.ಗೆ ಆರುನೂರು. ಐದು ನಿಮಿಷದಲ್ಲಿ ಭಟ್ಟರು ಸೌಟು ಹಿಡಿದೇ ಅಡುಗೆಮನೆಯಿಂದ ಹೊರಗೆ ಬಂದು, ಅಂಗಡಿ ತುಂಬ ಗಿರಾಕಿಗಳಿರುವಾಗಲೇ, "ಆರುನೂರು ಕೆ.ಜಿ. ಮೈಸೂರು ಪಾಕಿಗೆ ತುಪ್ಪ ಯಾರಪ್ಪ ತರುತ್ತಾರೆ?" ಎಂದು ಕೂಗಿದರು. ಅದೇ ಗಳಿಗೆಯಲ್ಲಿ ಗೃಹಪ್ರವೇಶದವರ ಫೋನು. ಷಡ್ಡಕ ನನಗೆ ಫೋನು ಮಾಡಿದಾಗ ಮೊದಲ ಅರ್ಧ ನಿಮಿಷ ಬರೀ ಉಸಿರಾಟ ಕೇಳಿಸಿತು.

ನಾನು ಲ್ಯಾಪ್‌ಟಾಪ್ ಕಂಕುಳಲ್ಲಿಟ್ಟುಕೊಂಡು ಆಟೋ ಹಿಡಿದೆ. ಎರಡು ಸಾಲುಗಳ ಜಾಗ ಬದಲಿಸಲು ಹತ್ತು ಸೆಕೆಂಡು. ಉಳಿದ ಎಪ್ಪತ್ತು ಒಬ್ಬಟ್ಟು ಬೇಯಲು ಸಂಜೆ ಏಳಾಯಿತು. ಹೂರಣದ ಉಂಡೆ ಕಟ್ಟುವ ಕೆಲಸಕ್ಕೆ ನನ್ನನ್ನೇ ಕೂರಿಸಿದರು. ಉಂಡೆಗಳೂ ಒಂದೊಂದು ಒಂದೊಂದು ಗಾತ್ರ ಬಂದವು ಎಂದು ಭಟ್ಟರು ಇಂದಿಗೂ ಆಡಿಕೊಳ್ಳುತ್ತಾರೆ.

ಷಡ್ಡಕನ ಮಗ ಎಂಜಿನಿಯರಿಂಗ್ ಓದುತ್ತಿದ್ದಾನೆ. ನನ್ನ ಕೋಡನ್ನು ಇಣುಕಿ ನೋಡಿ, "ದೊಡ್ಡಪ್ಪ, ಇದನ್ನು ಕೈಯಲ್ಲಿ ಯಾಕೆ ಬರೆದಿರಿ?" ಎಂದು ಬಹಳ ಮರ್ಯಾದೆಯಿಂದ ಕೇಳಿದ. ಗೂಗಲ್ 2017ರಲ್ಲೇ ಕೋಟ್ಲಿನ್ ಭಾಷೆಯನ್ನು ಆಂಡ್ರಾಯ್ಡ್‌ಗೆ ಅಧಿಕೃತವಾಗಿ ಒಪ್ಪಿಕೊಂಡಿದೆ. ಅದರಲ್ಲಿ ವಸ್ತುವಿನ ತಲೆಯ ಮೇಲೆ ಪಾರ್ಸೆಲೈಸ್ ಎಂದು ಬರೆದರೆ ಕಟ್ಟುವುದನ್ನೂ ಬಿಚ್ಚುವುದನ್ನೂ ಅದೇ ಬರೆದುಕೊಳ್ಳುತ್ತದೆ; ಕ್ರಮ ತಪ್ಪುವ ಮಾತೇ ಇಲ್ಲ. ನನಗೆ ಅದು ಗೊತ್ತಿರಲಿಲ್ಲವೆಂದಲ್ಲ. ಮಿಕ್ಸಿ ಇದ್ದರೂ ಒರಳಿನಲ್ಲೇ ರುಬ್ಬುತ್ತೇನೆನ್ನುವವರ ಸಾಲಿಗೆ ಸೇರಿದವನು ನಾನು. ಹುಡುಗ ಅಷ್ಟಕ್ಕೇ ಬಿಡಲಿಲ್ಲ. ಚೀಟಿಯಿಂದ ವಸ್ತುವನ್ನು ಪಡೆಯಲು ನಾನು ಬಳಸಿದ್ದ ಹಳೆಯ ವಿಧಾನವನ್ನು 2022ರ ಆಂಡ್ರಾಯ್ಡ್ 13ರಲ್ಲಿ ನಿವೃತ್ತಿಗೊಳಿಸಿದ್ದಾರೆಂದು, ಕೋಡ್ ಬರೆಯುವ ಎಡಿಟರಿನಲ್ಲಿ ಅದರ ಹೆಸರಿನ ಮೇಲೆ ಎಳೆದಿದ್ದ ಗೆರೆಯನ್ನೂ ತೋರಿಸಿದ. ಆ ಗೆರೆಯನ್ನು ನಾನು ತಿಂಗಳುಗಳಿಂದ ನೋಡುತ್ತಿದ್ದೆ, ಅಲಂಕಾರವೆಂದು ಬಿಟ್ಟಿದ್ದೆ.

ಆಮೇಲೆ ಷಡ್ಡಕನಿಗೆ ತಿಂಡಿಯ ಫೋಟೋ ಬೇಕೆನ್ನಿಸಿತು. ಆರ್ಡರಿನೊಳಗೇ ಫೋಟೋವನ್ನೂ ತುರುಕಿ ಕಳಿಸಿದೆ. ಆ್ಯಪ್ ದಬಕ್ಕನೆ ಬಿತ್ತು. ಈ ಪಾರ್ಸೆಲುಗಳು ಓಡಾಡುವ ಬೈಂಡರ್ ಎಂಬ ಗಲ್ಲಿಯಲ್ಲಿ ಒಂದು ಆ್ಯಪಿನ ಎಲ್ಲ ಸಾಗಾಟಗಳಿಗೂ ಸೇರಿ ಇರುವ ಜಾಗ ಸುಮಾರು ಒಂದು ಎಂಬಿ. ಷಡ್ಡಕ ತೆಗೆದ ಒಬ್ಬಟ್ಟಿನ ಫೋಟೋ ಒಂದೇ ಮೂರು ಎಂಬಿ ಇತ್ತು. ತುಪ್ಪ ಜಾಸ್ತಿ ಹಾಕಿದ್ದರೇನೋ. ಸರಿ, ಗಲ್ಲಿಯ ಸಹವಾಸವೇ ಬೇಡವೆಂದು ಎಲ್ಲ ಪರದೆಗಳ ಕೈಗೂ ಸಿಗುವಂತೆ ಒಂದು ಗೂಡು, ಸ್ಟ್ಯಾಟಿಕ್ ಎನ್ನುತ್ತಾರಲ್ಲ ಅದು, ಮಾಡಿ ಆರ್ಡರನ್ನು ಅದರಲ್ಲಿಟ್ಟೆ. ನನ್ನ ಫೋನಿನಲ್ಲಿ ಸೊಗಸಾಗಿ ನಡೆಯಿತು. ಅಂಗಡಿಯ ಅಗ್ಗದ ಟ್ಯಾಬ್ಲೆಟ್ಟಿನಲ್ಲಿ ಷಡ್ಡಕ ಮಧ್ಯದಲ್ಲಿ ಕ್ಯಾಮೆರಾ ತೆರೆದ. ಮೆಮೊರಿ ಸಾಲದೆ ವ್ಯವಸ್ಥೆ ನಮ್ಮ ಆ್ಯಪನ್ನು ಸದ್ದಿಲ್ಲದೆ ಮುಗಿಸಿತ್ತು. ಮರಳಿ ಬಂದಾಗ ಅದೇ ಪರದೆಯನ್ನು ಎಬ್ಬಿಸಿ ನಿಲ್ಲಿಸಿತು, ಗೂಡು ಮಾತ್ರ ಖಾಲಿ.

ಈಗ ಪರದೆಯಿಂದ ಪರದೆಗೆ ಹೋಗುವುದು ಆರ್ಡರಿನ ಕ್ರಮಸಂಖ್ಯೆ ಒಂದೇ. ಉಳಿದದ್ದನ್ನು ಆಯಾ ಪರದೆ ತಾನೇ ಡೇಟಾಬೇಸಿನಿಂದ ತೆಗೆದುಕೊಳ್ಳುತ್ತದೆ. ಇದನ್ನು ಮೊದಲೇ ಮಾಡಬಹುದಿತ್ತಲ್ಲ ಎಂದು ಹುಡುಗ ಕೇಳಲಿಲ್ಲ, ನಾನೂ ಅವನಿಗೆ ಕೇಳುವ ಅವಕಾಶ ಕೊಡಲಿಲ್ಲ.

ಹೆಚ್ಚಿಗೆ ಹೋದ ಒಬ್ಬಟ್ಟುಗಳನ್ನು ವಾಪಸು ಕೇಳುವಂತಿರಲಿಲ್ಲ, ಹಬ್ಬದ ಮರುದಿನಕ್ಕೆ ಅವು ಯಾರ ಮನೆಯಲ್ಲೂ ಉಳಿದಿರಲಿಲ್ಲ. ಈ ವರ್ಷ ಯುಗಾದಿಗೆ ವಾರವಿರುವಾಗ ನಾನು ಅಂಗಡಿಯಲ್ಲೇ ಇದ್ದೆ. ಮೇಷ್ಟರು ಈ ಸಲ ದೊಡ್ಡ ಕೈಚೀಲವನ್ನೇ ತಂದಿದ್ದರು. ಗಲ್ಲೆಯ ಮುಂದೆ ನಿಂತು 360 ರೂಪಾಯಿಯನ್ನು ಎಣಿಸಿಟ್ಟು, "ಹೋದ ವರ್ಷದ್ದೇ ಲೆಕ್ಕ ತಾನೇ?" ಎಂದರು. ಷಡ್ಡಕ ನನ್ನ ಕಡೆ ನೋಡಿದ. ನಾನು ಟ್ಯಾಬ್ಲೆಟ್ಟಿನ ಕಡೆ ನೋಡಿದೆ.