ಹಪ್ಪಳ ಕಾಯುತ್ತಾ ಜಿಎಸ್‌ಟಿ

ನನ್ನ ಗಂಡನಿಗೆ ರಜೆ ಸಿಕ್ಕಿದ್ದು ಮೇ ತಿಂಗಳ ಮಧ್ಯದಲ್ಲಿ. ಸಿಕ್ಕಿದ ಕೂಡಲೇ ಅವರ ಇಮೇಲ್ ತಾನೇ ಎಲ್ಲರಿಗೂ ಉತ್ತರ ಕೊಡಲು ಶುರುಮಾಡಿತು. ನಾನು ರಜೆಯಲ್ಲಿದ್ದೇನೆ, ತುರ್ತಿದ್ದರೆ ಇಂಥವರನ್ನು ಕೇಳಿ ಅಂತ. ನಾನೂ ಹಾಗೆ ಬರೆದಿಡಬಹುದು. ಆದರೆ 'ಇಂಥವರು' ಅನ್ನುವ ಜಾಗದಲ್ಲಿ ಮತ್ತೆ ನನ್ನ ಹೆಸರನ್ನೇ ಹಾಕಬೇಕು.

ನನ್ನದು ಸ್ವಂತ ಕೆಲಸ. ಸಣ್ಣ ಅಂಗಡಿ, ಹೋಟೆಲು, ಪ್ರಿಂಟಿಂಗ್ ಪ್ರೆಸ್ಸಿನವರ ಲೆಕ್ಕ ಬರೆದು ಜಿಎಸ್‌ಟಿ ರಿಟರ್ನ್ ಹಾಕಿಕೊಡುತ್ತೇನೆ. ಈ ಕಸುಬಿನ ಪಂಚಾಂಗವೇ ಬೇರೆ. ತಿಂಗಳ 11ಕ್ಕೆ ಮಾರಾಟದ ವಿವರ, 20ಕ್ಕೆ 3ಬಿ, ಅಂದರೆ ತೆರಿಗೆ ಲೆಕ್ಕ ಒಪ್ಪಿಸುವ ರಿಟರ್ನ್. ಯುಗಾದಿ ಬರಲಿ, ನಾದಿನಿ ಮದುವೆ ಬರಲಿ, 20 ಅಂದರೆ 20. ತಪ್ಪಿದರೆ ದಿನಕ್ಕೆ 50 ರೂಪಾಯಿ. ಅದರಲ್ಲಿ 25 ಕೇಂದ್ರಕ್ಕೆ, 25 ರಾಜ್ಯಕ್ಕೆ. ಐವತ್ತು ರೂಪಾಯಿ ದೊಡ್ಡ ಮೊತ್ತವೇನಲ್ಲ. ಅದನ್ನು ಯಾರು ಕೊಡಬೇಕು ಅನ್ನುವ ಮಾತುಕತೆ ಮಾತ್ರ ಬಹಳ ದೊಡ್ಡದು.

ಇದರ ಜೊತೆಗೆ ಡಾಕ್ಟರು ನಡೆಯಲು ಹೇಳಿದ್ದರು. ಅದಕ್ಕಾಗಿ ಕೈಗೆ ಹೆಜ್ಜೆ ಎಣಿಸುವ ವಾಚು ಬಂದಿತ್ತು. ದಿನಕ್ಕೆ 10,000 ಹೆಜ್ಜೆ. ಈ ಸಂಖ್ಯೆ ಯಾವ ವೈದ್ಯರೂ ಕೊಟ್ಟಿದ್ದಲ್ಲ, 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಹುಟ್ಟಿಸಿದ್ದು ಅಂತ ನನ್ನ ಗಂಡ ಆಗಾಗ ಹೇಳುತ್ತಾರೆ. ಸಾಮಾನ್ಯವಾಗಿ ಸೋಫಾ ಮೇಲೆ ಮಲಗಿಕೊಂಡು.

ರಜೆಗೆ ಶಿರಸಿ ಕಡೆಯ ನನ್ನ ತವರಿಗೆ ಹೊರಡುವ ಮುಂಚೆ ವೇಳಾಪಟ್ಟಿ ಮಾಡಿದ್ದೆ. ಬೆಳಿಗ್ಗೆ ವಾಕಿಂಗ್, ಆಮೇಲೆ ಲೆಕ್ಕ, ಆಮೇಲೆ ಮಕ್ಕಳ ಜೊತೆ ತಿರುಗಾಟ. ಆ ಪಟ್ಟಿ ಬೆಂಗಳೂರಿನಿಂದ ಕ್ಯಾತ್ಸಂದ್ರದವರೆಗೆ ಬದುಕಿತ್ತು. ಬೆಂಗಳೂರಿನಿಂದ ಶಿರಸಿ ಕಡೆ ಹೋಗುವವರಿಗೆ 48ನೇ ಹೆದ್ದಾರಿ ಅಂದರೆ ಉದ್ದಕ್ಕೆ ಹಾಸಿದ ಬಾಳೆಲೆ. ತುಮಕೂರು ಮುಟ್ಟುವ ಮುಂಚೆಯೇ ಕ್ಯಾತ್ಸಂದ್ರದ ತಟ್ಟೆ ಇಡ್ಲಿ. ಮುಂದೆ ದಾವಣಗೆರೆಯಲ್ಲಿ ಬೆಣ್ಣೆ ದೋಸೆ. ನಡುವೆ ಚಿತ್ರದುರ್ಗ ಸಿಗುತ್ತದಲ್ಲ, ಕೋಟೆ ಹತ್ತಿಬಿಟ್ಟರೆ ತಿಂದ ಇಡ್ಲಿಗೂ ತಿನ್ನಲಿರುವ ದೋಸೆಗೂ ಒಟ್ಟಿಗೆ ಪ್ರಾಯಶ್ಚಿತ್ತ ಆಗುತ್ತದೆ ಅಂತ ನನ್ನ ಲೆಕ್ಕ.

ಮೇ ತಿಂಗಳ ಹನ್ನೆರಡು ಗಂಟೆ ಬಿಸಿಲಿನಲ್ಲಿ ಏಳು ಸುತ್ತಿನ ಕೋಟೆಗೆ ಬರುವವರು ನಮ್ಮಂಥವರು ಮಾತ್ರ. ಬಂಡೆಗಳು ಕಾವಲಿಯ ಹಾಗೆ ಕಾದಿದ್ದವು. ಏದುಸಿರು ಬಿಡುತ್ತಾ ಒನಕೆ ಕಿಂಡಿ ಮುಟ್ಟಿದ್ದೇ ತಡ, ಫೋನು.

"ಮೇಡಂ, ಲಾರಿ ಗೇಟಲ್ಲಿ ನಿಂತಿದೆ. ಇ-ವೇ ಬಿಲ್ ಒಂದು ಮಾಡಿಕೊಡಿ. ಎರಡೇ ನಿಮಿಷದ ಕೆಲಸ."

ಎರಡೇ ನಿಮಿಷದ ಕೆಲಸವಾದರೆ ನೀವೇ ಮಾಡಬಹುದಲ್ಲ ಅಂತ ಯಾವ ಗಿರಾಕಿಗೂ ಹೇಳುವ ಹಾಗಿಲ್ಲ. ಸರಕಿನ ಲಾರಿ ಹೊರಡಲು ಬೇಕಾದ ಆ ಆನ್‌ಲೈನ್ ಚೀಟಿಗಾಗಿ ಬಂಡೆಗೆ ಒರಗಿ ಲಾರಿ ನಂಬರು ಒತ್ತಲು ಶುರುಮಾಡಿದೆ. ಪಕ್ಕದಲ್ಲಿ ನನ್ನ ಗಂಡ ಮಕ್ಕಳಿಗೆ ಓಬವ್ವನ ಕಥೆ ಹೇಳುತ್ತಿದ್ದರು. ಹೈದರಾಲಿಯ ಸೈನಿಕರು ಈ ಕಿಂಡಿಯಲ್ಲಿ ಒಬ್ಬೊಬ್ಬರಾಗಿ ತಲೆ ತೂರಿಸಿದರಂತೆ, ಆಕೆ ಒಬ್ಬೊಬ್ಬರಿಗೇ ಒನಕೆಯಿಂದ ಕೊಟ್ಟಳಂತೆ. ಅಷ್ಟರಲ್ಲಿ ನನ್ನ ವಾಟ್ಸ್‌ಆ್ಯಪ್‌ನಲ್ಲೂ ಒಬ್ಬೊಬ್ಬರಾಗಿ ತಲೆ ತೂರಿಸುತ್ತಿದ್ದರು. "ಒಂದು ಡೌಟು ಮೇಡಂ." "ಫ್ರೀ ಇದ್ದೀರಾ ಮೇಡಂ?" ನನ್ನ ಕೈಯಲ್ಲಿ ಒನಕೆ ಇರಲಿಲ್ಲ. ಆ ದಿನದ ಫೋಟೋಗಳಲ್ಲಿ ಎಲ್ಲರೂ ಕೋಟೆ ನೋಡುತ್ತಿದ್ದಾರೆ, ನಾನೊಬ್ಬಳು ಅಂಗೈ ನೋಡುತ್ತಿದ್ದೇನೆ.

ತವರುಮನೆ ಶಿರಸಿಯಿಂದ ಇನ್ನೂ ಒಳಗೆ, ಅಡಿಕೆ ತೋಟದ ನಡುವೆ. ಅಲ್ಲಿ ಅಳಿಯ ಜಗಲಿಯಲ್ಲಿ ಕಣ್ಣು ಮುಚ್ಚಿ ಕೂತರೆ "ಪಾಪ, ಆಫೀಸಲ್ಲಿ ದುಡಿದು ದಣಿದಿದ್ದಾರೆ" ಅನ್ನುತ್ತಾರೆ. ಮಗಳು ಲ್ಯಾಪ್‌ಟಾಪ್ ತೆರೆದು ಕೂತರೆ ಅಮ್ಮ ಅಂಗಳ ತೋರಿಸುತ್ತಾಳೆ.

"ಹ್ಯಾಂಗೂ ಸುಮ್ನೆ ಕೂತಿದ್ದೆ ಅಲ್ದನೇ, ಹಪ್ಪಳಕ್ಕೆ ಕಾಗೆ ಬರ್ತು, ನೋಡ್ಕ್ಯ."

ಮಲೆನಾಡಿನ ಮೇ ತಿಂಗಳೆಂದರೆ ಹಲಸಿನಕಾಯಿ ಹಪ್ಪಳದ ಕಾಲ. ಮಳೆ ಹಿಡಿಯುವ ಮುಂಚೆ ಎಲ್ಲ ಮುಗಿಯಬೇಕು. ಸೊಳೆ ಬಿಡಿಸಿ, ಬೇಯಿಸಿ, ಒರಳಿಗೆ ಹಾಕಿ ಒನಕೆಯಲ್ಲಿ ಕುಟ್ಟಬೇಕು, ಉಂಡೆ ಒತ್ತಬೇಕು, ಚಾಪೆಯ ಮೇಲೆ ಹರವಬೇಕು. ಕಿಂಡಿಯಲ್ಲಿ ಬೇಕಾಗಿದ್ದ ಒನಕೆ ಇಲ್ಲಿ ಸಿಕ್ಕಿತು, ಆದರೆ ಕುಟ್ಟಲು ಹಲಸಿನ ಹಿಟ್ಟು ಬಿಟ್ಟರೆ ಯಾರೂ ಇರಲಿಲ್ಲ. ಕುಟ್ಟುತ್ತಿದ್ದಾಗ ವಾಚು ನಡುಗಿತು. ನೀವು ದೋಣಿ ಹುಟ್ಟು ಹಾಕುವ ವ್ಯಾಯಾಮ ಮಾಡುತ್ತಿರುವಂತಿದೆ, ದಾಖಲಿಸಲೇ ಅಂತ ಕೇಳಿತು. ದಾಖಲಿಸು ಅಂದೆ. ಕಾಗೆ ಓಡಿಸಲು ಕೈ ಬೀಸಿದ್ದನ್ನೂ ಅದು ಹೆಜ್ಜೆ ಅಂತಲೇ ಬರೆದುಕೊಂಡಿತು. ಕೂತಲ್ಲೇ ಕೂತು, ತೊಡೆಯ ಮೇಲೆ ಒಂದು ಹೋಟೆಲಿನ ಖರೀದಿ ಬಿಲ್ಲು ತುಂಬಿಸುತ್ತಾ, ಹಸ್ ಹುಸ್ ಅನ್ನುತ್ತಾ, ಮಧ್ಯಾಹ್ನದೊಳಗೆ ಊರು ದಾಟುವಷ್ಟು ನಡೆದಿದ್ದೆ. ಆ ಖುಷಿಗೆ ಊಟದಲ್ಲಿ ತೊಡೆದೇವು ಒಂದು ಜಾಸ್ತಿ, ತುಪ್ಪ ಸುರಿದು.

ಸಂಜೆ ದೊಡ್ಡಪ್ಪ ಬಂದು ಕವಳದ ಬಟ್ಟಲು ಎಳೆದುಕೊಂಡರು. ಅಡಿಕೆಗೆ ಜಿಎಸ್‌ಟಿ ಎಷ್ಟು ಅಂತ ಕೇಳಿದರು. ಒಣ ಅಡಿಕೆಗೆ ಶೇಕಡಾ 5, ಆದರೆ ತನ್ನ ತೋಟದ ಬೆಳೆ ಮಾತ್ರ ಮಾರುವ ರೈತ ನೋಂದಣಿ ಮಾಡಿಸಬೇಕಿಲ್ಲ ಅಂದೆ. ಮರುದಿನ ಜಗಲಿಯಲ್ಲಿ ಕೂರಲು ಜಾಗವಿರಲಿಲ್ಲ. ಯಾರದೋ ಟ್ಯಾಕ್ಸಿಯ ಲೆಕ್ಕ, ಯಾರ ಮಗನದೋ ರೀಫಂಡು. ಶುಲ್ಕದ ರೂಪದಲ್ಲಿ ಒಂದು ಬಾಳೆಗೊನೆ ಬಂತು. ಅದಕ್ಕೆ ಬಿಲ್ ಹಾಕಲಿಲ್ಲ.

20ನೇ ತಾರೀಖು ಮಧ್ಯಾಹ್ನ ಗುಡುಗು ಮಳೆ ಬಂತು, ಕರೆಂಟು ಹೋಯಿತು. ಕರೆಂಟಿನ ಬೆನ್ನಿಗೆ ಸಿಗ್ನಲ್ಲೂ ಹೋಯಿತು. ಎಲ್ಲರ ರಿಟರ್ನೂ ಹಿಂದಿನ ದಿನವೇ ಮುಗಿದಿತ್ತು, ಒಬ್ಬ ಹೋಟೆಲಿನವರದ್ದು ಬಿಟ್ಟು. ದುಡ್ಡು ಕಟ್ಟಿ ಆಗಿತ್ತು. ಬೇಕಾಗಿದ್ದು ಅವರ ಫೋನಿಗೆ ಬರುವ ಓಟಿಪಿ ಒಂದೇ. ಅವರು ತಿರುಮಲದಲ್ಲಿದ್ದರು. ಅಲ್ಲಿ ದೇವಸ್ಥಾನದ ಒಳಗೆ ಫೋನು ಒಯ್ಯುವಂತಿಲ್ಲ, ಕೌಂಟರಿನಲ್ಲಿ ಕೊಟ್ಟು ಹೋಗಬೇಕು. ತಿಮ್ಮಪ್ಪನ ಸಾಲು ಯಾವಾಗ ಮುಗಿಯುತ್ತದೆ ಅಂತ ಯಾವ ಇಲಾಖೆಯೂ ಹೇಳಲಾರದು.

ಸಿಗ್ನಲ್ ಇದ್ದದ್ದು ಮನೆಯ ಹಿಂದಿನ ಸೊಪ್ಪಿನ ಬೆಟ್ಟದ ತುದಿಯಲ್ಲಿ. ಕತ್ತಲಾದ ಮೇಲೆ ಲ್ಯಾಪ್‌ಟಾಪನ್ನು ಅಕ್ಕಿ ಚೀಲದ ಪ್ಲಾಸ್ಟಿಕ್‌ನಲ್ಲಿ ಸುತ್ತಿಕೊಂಡು ಹತ್ತಿದೆ. ಹಿಂದೆ ಟಾರ್ಚು, ಕೊಡೆ ಹಿಡಿದು ಗಂಡ. ಅವರ ಕಾಲಿಗೆ ಉಂಬಳ ಹತ್ತಿತು, ನನ್ನ ಕಾಲಿಗೂ ಹತ್ತಿತು. ರಜೆಯಲ್ಲಿ ಇರುವವರು, ಇಲ್ಲದವರು ಅನ್ನುವ ಭೇದ ಅದಕ್ಕಿಲ್ಲ. ಕೊನೆಗೂ ರಾತ್ರಿ ಹತ್ತೂವರೆ ಮೇಲೆ ಹೋಟೆಲಿನವರು ಫೋನ್ ಎತ್ತಿದರು.

"ದರ್ಶನ ಬಹಳ ಚೆನ್ನಾಗಾಯ್ತು ಮೇಡಂ."

"ಸಂತೋಷ ಸಾರ್. ಓಟಿಪಿ ಬಂತಾ?"

"ಬಂದಿದೆ, ಬಂದಿದೆ. ಕೇಳಿ ಇಲ್ಲಿ, ಒಳಗೆ ಹೋದ್ವಿ ನೋಡಿ, ಗರ್ಭಗುಡಿ ಎದುರಿಗೇ..."

ಸ್ವಾಮಿಯ ವರ್ಣನೆಯನ್ನು ಅರ್ಧಕ್ಕೆ ತುಂಡರಿಸುವುದು ಹೇಗೆ? ಅವರು ಲಡ್ಡುವಿನ ಸಾಲಿಗೆ ಬರುವಷ್ಟರಲ್ಲಿ ಓಟಿಪಿಯ ಆಯುಷ್ಯ ಮುಗಿದಿತ್ತು. ಎರಡನೆಯದನ್ನು ಓದುವಾಗ ಕನ್ನಡಕ ಹುಡುಕಿದರು. ಹನ್ನೊಂದೂ ಮುಕ್ಕಾಲಿಗೆ ರಿಟರ್ನ್ ಹೋಯಿತು. "ನಿಮ್ಮ ಹೆಸರಲ್ಲೂ ಒಂದು ನಮಸ್ಕಾರ ಹಾಕಿದ್ದೇನೆ ಮೇಡಂ" ಅಂದರು. ಬಹುಶಃ ಅದು ಈ ತಿಂಗಳ ಫೀಸಿನಲ್ಲಿ ವಜಾ ಆಗುತ್ತದೆ.

ಕರೆಂಟಿಲ್ಲದೆ ವಾಚು ಮಧ್ಯಾಹ್ನವೇ ಸತ್ತಿತ್ತು. ಬೆಟ್ಟ ಹತ್ತಿದ್ದು ಇಳಿದದ್ದು ಯಾವುದೂ ಲೆಕ್ಕಕ್ಕೆ ಬರಲಿಲ್ಲ. "ಎಣಿಕೆ ಆಗಿಲ್ಲ ಅಂದ್ರೆ ನೀನು ಹತ್ತಿಲ್ಲ ಅಂತ ಅಮ್ಮಾ" ಎಂದಳು ಮಗಳು. ಲೆಕ್ಕ ಬರೆಯುವವಳ ಮಗಳು, ಏನು ಹೇಳುವುದು.

ಮರುದಿನ ಬೆಳಿಗ್ಗೆ ಕಾಲಿಗೆ ಸುಣ್ಣ ಹಚ್ಚಿಕೊಂಡು ಕೂತಿದ್ದೆ. ದೊಡ್ಡಪ್ಪ ತಮ್ಮ ಪಕ್ಕದ ಮನೆಯವರ ನೋಟಿಸ್ ಒಂದನ್ನು ತಂದರು. ಓದಿ, ಏನು ಉತ್ತರ ಕೊಡಬೇಕು ಅಂತ ಬರೆದುಕೊಟ್ಟೆ. ಅದನ್ನು ಮಡಚಿ ಕಿಸೆಗೆ ಹಾಕಿಕೊಂಡು, ಬಹಳ ಪ್ರೀತಿಯಿಂದ ನನ್ನನ್ನು ನೋಡಿದರು.

"ಇಷ್ಟೆಲ್ಲ ಗೊತ್ತಿದ್ದು ನಿಂಗೆ. ಎಲ್ಲಾದ್ರೂ ಒಂದು ಕೆಲ್ಸಕ್ಕೆ ಸೇರ್ಲಾಗಿತ್ತು, ತಂಗಿ."