ಪುಗಸಟ್ಟೆ ಹಿತ್ತಾಳೆ

ರೇಂಜ್‌ನಲ್ಲಿ ಶೂಟಿಂಗ್ ಮುಗಿದು ಎಲ್ಲರೂ ರೈಫಲ್ ಚೀಲಕ್ಕೆ ಹಾಕಿಕೊಂಡು ಹೊರಡುವ ಹೊತ್ತಿಗೆ, ಒಬ್ಬ ಮಾತ್ರ ಸೊಂಟ ಬಗ್ಗಿಸಿ ನೆಲ ನೋಡುತ್ತಾ ಓಡಾಡುತ್ತಿರುತ್ತಾನೆ. ಉಂಗುರ ಕಳೆದುಕೊಂಡವನ ಥರ. ಯಾವ ರೇಂಜ್‌ಗೆ ಬೇಕಾದರೂ ಹೋಗಿ ನೋಡಿ, ಇಂಥವನೊಬ್ಬ ಇದ್ದೇ ಇರುತ್ತಾನೆ. ಬಹಳ ವರ್ಷ ಆ ಒಬ್ಬ ನಾನೇ ಆಗಿದ್ದೆ. ಈಗಲೂ ಬಗ್ಗುತ್ತೇನೆ, ಆದರೆ ಮೊದಲಿನ ಹಾಗೆ ಕಂಡಕಂಡದ್ದಕ್ಕೆಲ್ಲ ಅಲ್ಲ. ಯಾರ ರೈಫಲ್‌ನಿಂದ ಬಿತ್ತು, ಎಷ್ಟನೇ ಸಲ ಹೊಡೆದದ್ದು ಅಂತ ಗೊತ್ತಿಲ್ಲದ ಕಾಡತೂಸಿನ ಖಾಲಿ ಹಿತ್ತಾಳೆ ಕೇಸನ್ನು ಈಗ ಮುಟ್ಟುವುದಿಲ್ಲ. ಮುಟ್ಟಿದರೂ ಅದು ಸೀದಾ ಗುಜರಿ ಡಬ್ಬಕ್ಕೆ. ಇದನ್ನು ಹೇಳಿದರೆ ನನ್ನ ಶೂಟಿಂಗ್ ಗೆಳೆಯರು ಜಗಳಕ್ಕೇ ಬರುತ್ತಾರೆ. ಬರಲಿ.

ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ಕಾಡತೂಸಿನಲ್ಲಿ ಇರುವುದು ನಾಲ್ಕೇ ಭಾಗ. ಹಿತ್ತಾಳೆ ಕೇಸು, ಅದರ ಬುಡದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್, ಒಳಗೆ ಮದ್ದು, ಬಾಯಲ್ಲಿ ಗುಂಡು. ಟ್ರಿಗರ್ ಎಳೆದರೆ ಮದ್ದು ಉರಿದು ಹೋಯಿತು, ಗುಂಡು ಟಾರ್ಗೆಟ್ ಕಡೆ ಹೋಯಿತು, ಪ್ರೈಮರ್ ಕಥೆ ಮುಗಿಯಿತು. ಉಳಿಯುವುದು ಕೇಸು ಒಂದೇ. ನಾಲ್ಕರಲ್ಲಿ ಸಾಮಾನ್ಯವಾಗಿ ಜಾಸ್ತಿ ದುಡ್ಡು ಬೀಳುವುದೂ ಅದಕ್ಕೇ. ಅದನ್ನು ತೊಳೆದು, ಡೈ ಅನ್ನುವ ಅಚ್ಚಿನ ಒಳಗೆ ಒತ್ತಿ ಅಳತೆಗೆ ತಂದು, ಹೊಸ ಪ್ರೈಮರ್, ಮದ್ದು, ಗುಂಡು ಕೂರಿಸಿದರೆ ಮತ್ತೆ ಕಾಡತೂಸು ರೆಡಿ. ಇದೇ ರೀಲೋಡಿಂಗ್. ಒಂದೊಂದು ದೇಶದಲ್ಲಿ ಒಂದೊಂದು ಕಾನೂನು, ಕೆಲವು ಕಡೆ ಪರವಾನಗಿ ಇಲ್ಲದೆ ಇದಕ್ಕೆ ಕೈ ಹಾಕುವಂತೆಯೇ ಇಲ್ಲ, ಹಾಗಾಗಿ ನೀವಿರುವ ಕಡೆ ಏನಿದೆ ಅಂತ ಮೊದಲು ಕೇಳಿಕೊಳ್ಳಿ.

ಈಗ ನೀವೇ ಯೋಚನೆ ಮಾಡಿ. ಅಷ್ಟು ಬೆಲೆಯ ವಸ್ತು ಕಾಲ ಕೆಳಗೆ ನೂರಾರು ಬಿದ್ದಿರುತ್ತದೆ, ಹೊಡೆದವರು ತಿರುಗಿಯೂ ನೋಡದೆ ಹೋಗುತ್ತಾರೆ. ಪುಗಸಟ್ಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು ಅನ್ನುವ ಜಾತಿ ನಾನು. ಡಬ್ಬ ಡಬ್ಬ ತುಂಬಿಸಿದೆ. ಮನೆಯಲ್ಲಿ ಬಕೆಟ್‌ಗೆ ಬಕೆಟ್ಟೇ ಕಾಣೆಯಾಯಿತು. ನನ್ನ ಹೆಂಡತಿ ಒಂದು ದಿನ "ಇದನ್ನೆಲ್ಲ ನೀವು ಯಾವ ಜನ್ಮಕ್ಕೆ ಹೊಡೀತೀರಿ?" ಅಂತ ಕೇಳಿದಳು. ಉತ್ತರ ಇರಲಿಲ್ಲ.

ಆಮೇಲೆ ಆ .308 ಕೇಸುಗಳು ಬಂದವು, .308 ಅಂದರೆ ರೈಫಲ್ ಕಾಡತೂಸಿನ ಒಂದು ಅಳತೆ. ಪಕ್ಕದ ಬೆಂಚಿನವರೊಬ್ಬರು ಪ್ಯಾಕ್ ಮಾಡುತ್ತಿದ್ದರು, ಪೆಟ್ಟಿಗೆ ತುಂಬ ಸುಮಾರು 200 ಖಾಲಿ ಕೇಸು. "ಸರ್, ಇದು ನಿಮಗೆ ಬೇಡ್ವಾ?" ಅಂದೆ. "ತಗೊಳ್ಳಿ ಸರ್, ಎಲ್ಲ ಒಂದೇ ಸಲ ಹೊಡೆದಿದ್ದು" ಅಂದರು. ನಂಬಿದೆ. ಹಿತ್ತಾಳೆ ಕಿವಿ ಅಂತಾರಲ್ಲ, ಹಿತ್ತಾಳೆ ಕಂಡ ಕೂಡಲೇ ನನ್ನ ಕಿವಿಯೂ ಹಿತ್ತಾಳೆಯದೇ ಆಯಿತು. ಅವರು ಸುಳ್ಳು ಹೇಳಿದರು ಅಂತ ನಾನು ಹೇಳುತ್ತಿಲ್ಲ. ಅವರಿಗೂ ಯಾರೋ ಹಾಗೆ ಹೇಳಿ ಕೊಟ್ಟಿರಬಹುದು.

ಮೊದಲ ಎರಡು ಸಲ ಏನೂ ಆಗಲಿಲ್ಲ. ಮೂರನೇ ಸಲ ತುಂಬಿಸಿ ಹೊಡೆದಾಗ ಸದ್ದು ಸ್ವಲ್ಪ ಬೇರೆ ಅನ್ನಿಸಿತು, ಮುಖಕ್ಕೆ ಬಿಸಿ ಉಸಿರು ಬಿಟ್ಟ ಹಾಗಾಯಿತು. ಖಾಲಿ ಕೇಸು ಹೊರಗೆ ತೆಗೆಯಲು ಬೋಲ್ಟ್ ಎಳೆದೆ. ಬಂದದ್ದು ಕೇಸಿನ ಬುಡ ಮಾತ್ರ, ಬೆರಳುಗುರಿನಷ್ಟು ಉದ್ದ. ಮೇಲಿನ ಭಾಗ ಪೂರ್ತಿ ಚೇಂಬರ್ ಒಳಗೇ, ಅಂದರೆ ಕಾಡತೂಸು ಕೂರುವ ಗೂಡಿನಲ್ಲೇ, ಅಂಟಿಕೊಂಡಿತ್ತು. ಕಣ್ಣಿಗೆ ಕನ್ನಡಕ ಇತ್ತು, ರೈಫಲ್‌ಗೂ ಏನೂ ಆಗಲಿಲ್ಲ. ಅವತ್ತಿನ ಮಟ್ಟಿಗೆ ಅದೃಷ್ಟ. ಆದರೆ ಕೈ ನಡುಗುವುದು ನಿಲ್ಲಲು ಅರ್ಧ ಗಂಟೆ ಬೇಕಾಯಿತು.

ಮನೆಗೆ ಬಂದು ಒಂದು ಪೇಪರ್ ಕ್ಲಿಪ್ ನೆಟ್ಟಗೆ ಮಾಡಿ, ಅದರ ತುದಿಯನ್ನು ಚೂರೇ ಚೂರು ಕೊಕ್ಕೆಯ ಹಾಗೆ ಬಗ್ಗಿಸಿ, ಉಳಿದ ಪ್ರತಿ ಕೇಸಿನ ಒಳಗೆ ಬಿಟ್ಟು ಗೋಡೆಗೆ ಒತ್ತಿ ಬುಡದಿಂದ ಮೇಲಕ್ಕೆ ಎಳೆದೆ. ಒಳ್ಳೆ ಕೇಸಿನಲ್ಲಿ ತಂತಿ ನುಣ್ಣಗೆ ಜಾರಿಕೊಂಡು ಬರುತ್ತದೆ. ಕೆಟ್ಟದ್ದರಲ್ಲಿ ಬುಡದಿಂದ ಸ್ವಲ್ಪ ಮೇಲೆ ಒಂದು ಕಡೆ ಟಕ್ ಅಂತ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಗೋಡೆ ಒಳಗಿನಿಂದ ಸವೆದು ಸುತ್ತಲೂ ಕಾಲುವೆ ಬಿದ್ದಿರುತ್ತದೆ. ನನಗೆ 31 ಸಿಕ್ಕವು. ಒಂದನ್ನು ಗರಗಸದಲ್ಲಿ ಉದ್ದಕ್ಕೆ ಸೀಳಿ ನೋಡಿದೆ. ಬುಡ ದಪ್ಪ, ಮೇಲೆ ಹೋದ ಹಾಗೆ ತೆಳ್ಳಗಾಗುತ್ತಾ ಹೋಗುವ ಗೋಡೆ, ನಡುವೆ ಆ ಒಂದು ಜಾಗದಲ್ಲಿ ಹಿತ್ತಾಳೆ ಕಾಗದದ ಹಾಗೆ. ಹೊರಗಿನಿಂದ ನೋಡಿದರೆ ಏನು ಕಾಣುತ್ತದೆ ಗೊತ್ತಾ? ಸುತ್ತಲೂ ಒಂದು ಸಣ್ಣ ಹೊಳೆಯುವ ಗೆರೆ, ಅಷ್ಟೇ. ನಾನದನ್ನು ಡೈ ಮಾಡಿದ ಗುರುತು ಅಂದುಕೊಂಡಿದ್ದೆ.

ಯಾಕೆ ಹೀಗಾಗುತ್ತದೆ ಅಂದರೆ, ಕೇಸು ಸುಮ್ನೆ ಒಂದು ಡಬ್ಬಿ ಅಲ್ಲ. 70 ಪಾಲು ತಾಮ್ರ, 30 ಪಾಲು ಸತು ಸೇರಿದ ಹಿತ್ತಾಳೆ ಅದು. ಮದ್ದು ಉರಿದಾಗ ಉಬ್ಬಿ ಚೇಂಬರ್ ಗೋಡೆಗೆ ಗಟ್ಟಿಯಾಗಿ ಒತ್ತಿಕೊಂಡು ಗ್ಯಾಸ್ ಹಿಂದಕ್ಕೆ ಬರದ ಹಾಗೆ ತಡೆಯಬೇಕು, ಒತ್ತಡ ಇಳಿದ ತಕ್ಷಣ ಕೂದಲೆಳೆಯಷ್ಟು ಕುಗ್ಗಿ ಸಲೀಸಾಗಿ ಹೊರಗೆ ಬರಬೇಕು. .308 ವಿಂಚೆಸ್ಟರ್‌ಗೆ ಕಾಡತೂಸಿನ ಅಳತೆ, ಒತ್ತಡ ಗೊತ್ತು ಮಾಡುವ ಅಮೆರಿಕದ ಸಾಮಿ ಸಂಸ್ಥೆ ಇಟ್ಟಿರುವ ಒತ್ತಡದ ಮಿತಿ 62,000 ಪಿಎಸ್‌ಐ. ಕಾರಿನ ಟೈರಿನಲ್ಲಿ ಇರುವುದು 30-35. ಆ ಒತ್ತಡದಲ್ಲಿ ಕೇಸು ಪ್ರತಿ ಸಲವೂ ಹಿಗ್ಗುತ್ತದೆ, ನಾವು ಡೈಗೆ ಹಾಕಿ ಮತ್ತೆ ಕುಗ್ಗಿಸುತ್ತೇವೆ, ಹಿತ್ತಾಳೆ ಸ್ವಲ್ಪ ಸ್ವಲ್ಪವೇ ಬುಡದಿಂದ ಕತ್ತಿನ ಕಡೆ ಸರಿಯುತ್ತದೆ. ಅದಕ್ಕೇ ಕೇಸು ಉದ್ದ ಬೆಳೆಯುತ್ತದೆ. .223 ಅನ್ನುವ ಇನ್ನೊಂದು ಅಳತೆಯ ಕೇಸಿಗೆ ಗರಿಷ್ಠ ಉದ್ದ 44.70 ಮಿ.ಮೀ., ಅದು ದಾಟಿದರೆ 44.45ಕ್ಕೆ ಕತ್ತರಿಸಬೇಕು. ಕತ್ತರಿಸಿದ ಆ ಹಿತ್ತಾಳೆ ಎಲ್ಲಿಂದ ಬಂತು? ಆ ಗೋಡೆಯಿಂದಲೇ. ಡೈಯನ್ನು ಜಾಸ್ತಿ ಇಳಿಸಿ ಕೇಸಿನ ಭುಜವನ್ನು, ಅಂದರೆ ಕತ್ತಿನ ಕೆಳಗಿನ ಇಳಿಜಾರನ್ನು, ಬೇಕಾದ್ದಕ್ಕಿಂತ ಹಿಂದಕ್ಕೆ ತಳ್ಳುವವರ ಕೈಗೆ ಸಿಕ್ಕರೆ ಈ ಸವೆತ ಇನ್ನೂ ಬೇಗ. ಹಾಗಾಗಿ ನೆಲದ ಮೇಲೆ ಬಿದ್ದಿರುವ ಕೇಸು ಯಾರ ಚೇಂಬರ್‌ನಲ್ಲಿ ಉಬ್ಬಿತು, ಯಾರ ಡೈಯಲ್ಲಿ ಕುಗ್ಗಿತು ಅನ್ನುವುದು ಗೊತ್ತಿರಲೇಬೇಕು. ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು ಅಂತಾರೆ. ಈ ಹಸುವಿನದ್ದು ಎಣಿಸಲೇಬೇಕು, ಬೇಕಾದರೆ ಟಾರ್ಚ್ ಹಾಕಿ.

ಟಾರ್ಚ್ ಅಂದದ್ದು ತಮಾಷೆಗಲ್ಲ. ಕೇಸಿನ ಬಾಯಿಂದ ಬೆಳಕು ಬಿಟ್ಟು ಒಳಗೆ ನೋಡಿ. ಬುಡದ ನಡುವೆ ಒಂದೇ ತೂತು ಇದ್ದರೆ ಬಾಕ್ಸರ್ ಪ್ರೈಮರ್‌ನದ್ದು, ಹಳೆ ಪ್ರೈಮರನ್ನು ಪಿನ್ನಿನಿಂದ ತಳ್ಳಬಹುದು. ಎರಡು ಸಣ್ಣ ತೂತು ಇದ್ದರೆ ಬರ್ಡಾನ್. ಗೊತ್ತಿಲ್ಲದೆ ಅದನ್ನು ಡೈಗೆ ಹಾಕಿದರೆ ಪಿನ್ನು ಮುರಿಯುತ್ತದೆ. ನಾನು ಎರಡು ಮುರಿದಿದ್ದೇನೆ. ಇದರಲ್ಲೊಂದು ಮಜಾ ಇದೆ. ಬರ್ಡಾನ್ ಅಮೆರಿಕದವನು, ಬಾಕ್ಸರ್ ಬ್ರಿಟಿಷ್ ಸೈನ್ಯದವನು, ಇಬ್ಬರ ಪೇಟೆಂಟೂ 1866ರದ್ದು. ಆದರೆ ಅಮೆರಿಕದಲ್ಲಿ ನಡೆಯುವುದು ಬಾಕ್ಸರ್, ಬರ್ಡಾನ್ ಬೇರೂರಿದ್ದು ಯುರೋಪಿನಲ್ಲಿ. ಹೆತ್ತ ಮನೆಯಲ್ಲಿ ಎರಡಕ್ಕೂ ಜಾಗ ಸಿಗಲಿಲ್ಲ.

ಬುಡದ ಮೇಲಿನ ಅಕ್ಷರ ಓದುವುದು ಇನ್ನೊಂದು ಕೆಲಸ. ವೃತ್ತದೊಳಗೆ ಕೂಡಿಸು ಚಿಹ್ನೆ ಇದ್ದರೆ ನ್ಯಾಟೋ ಸೈನ್ಯದ ಮಾಲು. 'ಎಲ್‌ಸಿ' ಅಂತ ಇದ್ದರೆ ಅಮೆರಿಕದ ಲೇಕ್ ಸಿಟಿ ಕಾರ್ಖಾನೆಯದ್ದು, ಪಕ್ಕದ ಎರಡು ಅಂಕಿ ತಯಾರಾದ ವರ್ಷ. ಸೈನ್ಯದ ಕೇಸಿನಲ್ಲಿ ಪ್ರೈಮರ್ ಜಾರಬಾರದು ಅಂತ ಅದರ ಸುತ್ತ ಅಂಚನ್ನು ಒತ್ತಿರುತ್ತಾರೆ. ಆ ಅಂಚು ತೆಗೆಯದೆ ಹೊಸ ಪ್ರೈಮರ್ ಕೂರುವುದೇ ಇಲ್ಲ. .308ರ ಸೈನ್ಯದ ಜೋಡಿ ಅನ್ನಬಹುದಾದ 7.62 ನ್ಯಾಟೋ ಕೇಸುಗಳ ಗೋಡೆಯೂ ಸಾಮಾನ್ಯವಾಗಿ .308ಕ್ಕಿಂತ ದಪ್ಪ, ಅಂದರೆ ಒಳಗೆ ಜಾಗ ಕಡಿಮೆ, ಅಂದರೆ ಅಷ್ಟೇ ಮದ್ದಿಗೆ ಒತ್ತಡ ಜಾಸ್ತಿ. ಎಲ್ಲ ಒಂದೇ ಡಬ್ಬಕ್ಕೆ ಸುರಿದುಕೊಂಡು ಬಂದವನಿಗೆ ಇದೆಲ್ಲ ಗೊತ್ತಾಗುವುದು ರಾತ್ರಿ ಕೂತು ಒಂದೊಂದೇ ಬಿಡಿಸುವಾಗ.

ಅಕ್ಷರವನ್ನೂ ಪೂರ್ತಿ ನಂಬುವ ಹಾಗಿಲ್ಲ. .223 ಕೇಸನ್ನು ಗಿಡ್ಡ ಮಾಡಿ .300 ಬ್ಲ್ಯಾಕೌಟ್ ಅನ್ನುವ, ಇನ್ನೂ ದಪ್ಪ ಗುಂಡಿನ ಕಾಡತೂಸಿಗೆ ಮಾಡಿಕೊಳ್ಳುವವರು ಬಹಳ ಜನ. ಬುಡದಲ್ಲಿ ಮಾತ್ರ .223 ಅಂತಲೇ ಉಳಿದಿರುತ್ತದೆ. .300 ಬ್ಲ್ಯಾಕೌಟ್ ಕಾಡತೂಸು ತಪ್ಪಿ .223 ರೈಫಲ್ ಒಳಗೆ ಹೋಗಿ ಕೂತು, ಹೊಡೆದ ಮೇಲೆ ರೈಫಲ್ಲೇ ಒಡೆದು ಹೋದದ್ದುಂಟು. .308, .243, 7 ಎಂಎಂ-08 ಅಂತೂ ಒಡಹುಟ್ಟಿದವು, ಬುಡ ಒಂದೇ, ಕತ್ತು ಮಾತ್ರ ಬೇರೆ ಬೇರೆ. ಹಿತ್ತಾಳೆ ನಡುವೆ ಸೇರಿಕೊಂಡ ಕಬ್ಬಿಣದ ಕೇಸನ್ನು ಬೇರೆ ಮಾಡಲು ಅಯಸ್ಕಾಂತ ಹಿಡಿದರೆ ಸಾಕು. ಇನ್ನು .22 ರಿಮ್‌ಫೈರ್ ಎತ್ತಲೇಬೇಡಿ, ಅದಕ್ಕೆ ಬೇರೆ ಪ್ರೈಮರೇ ಇಲ್ಲ, ಅಂಚಿನೊಳಗೇ ಎಲ್ಲ. ಹೊಡೆಯದೆ ಉಳಿದ ಕಾಡತೂಸು ಖಾಲಿ ಕೇಸಿನ ರಾಶಿಯಲ್ಲಿ ಸೇರಿಕೊಂಡಿರುತ್ತದೆ, ಹುಷಾರು. ನನಗೆ ಎರಡು ಸಲ ಸಿಕ್ಕಿದೆ.

ಎತ್ತುವ ರೀತಿಯ ಬಗ್ಗೆಯೂ ನನಗೆ ಸಿಟ್ಟಿದೆ. ಪಕ್ಕದವನು ಇನ್ನೂ ಹೊಡೆಯುತ್ತಿರುವಾಗಲೇ ಅವನ ಕಾಲ ಬಳಿ ತೂರುವವರಿದ್ದಾರೆ. ಎಲ್ಲ ಬೋಲ್ಟ್ ತೆರೆದು, ರೈಫಲ್ ಬೆಂಚಿನ ಮೇಲಿಟ್ಟು, ಎಲ್ಲರೂ ಹಿಂದೆ ಸರಿದು, ರೇಂಜ್ ಅಧಿಕಾರಿ ಹೇಳಿದ ಮೇಲೆ ಮಾತ್ರ ಬಗ್ಗಬೇಕು. ಗುಂಡು ಹೊಡೆಯಲು ನಿಲ್ಲುವ ಗೆರೆಯ ಆಚೆ ಬಿದ್ದದ್ದು ಹೋಯಿತು ಅಂತಲೇ ಲೆಕ್ಕ. ಒಂದು ಕೇಸಿಗೋಸ್ಕರ ಗೆರೆ ದಾಟಿ ಕೈ ಚಾಚುವವನನ್ನು ನೋಡಿದರೆ ನನ್ನ ಎದೆ ಝಲ್ ಅನ್ನುತ್ತದೆ. ಇನ್ನೊಬ್ಬರ ಕೇಸಾದರೆ ಕೇಳಿ ತಗೊಳ್ಳಿ. ಬಹಳ ಜನ ಕೊಡುತ್ತಾರೆ, ಕೊಡದವರಿಗೆ ಕಾರಣ ಇರುತ್ತದೆ. ಕೆಲವು ರೇಂಜ್‌ಗಳಲ್ಲಿ ನೆಲಕ್ಕೆ ಬಿದ್ದದ್ದೆಲ್ಲ ರೇಂಜ್‌ಗೇ ಸೇರಿದ್ದು ಅನ್ನುವ ನಿಯಮ. ಅದಕ್ಕೆ ಗೊಣಗುವವರು ಜಾಸ್ತಿ, ನನಗೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ಮಣ್ಣಿನ ದಿಬ್ಬ, ಟಾರ್ಗೆಟ್ ಚೌಕಟ್ಟು ಎಲ್ಲ ಪುಕ್ಕಟೆ ಬರುತ್ತಾ? ನಿಯಮವನ್ನು ಮಾತ್ರ ಕಣ್ಣಿಗೆ ಬೀಳುವಲ್ಲಿ ಬರೆದು ಹಾಕಲಿ.

ನಾನೀಗ ಬಲಗಡೆ ಒಂದು ಹಳೆ ಬೆಡ್‌ಶೀಟ್ ಹಾಸುತ್ತೇನೆ. ನನ್ನದು ಬೋಲ್ಟ್ ರೈಫಲ್, ನಿಧಾನ ಎಳೆದರೆ ಕೇಸು ಕೈಗೇ ಬರುತ್ತದೆ, ಬೆಡ್‌ಶೀಟ್ ಏನಿದ್ದರೂ ತಪ್ಪಿದ ಒಂದೆರಡಕ್ಕೆ. ಸೆಮಿ ಆಟೊಮ್ಯಾಟಿಕ್ ಇರುವವರ ಪಾಡು ಬೇರೆ, ಅದು ಎಸೆಯುವ ರಭಸಕ್ಕೆ ಕೇಸಿನ ಬಾಯಿ ಜಜ್ಜಿ ಹೋಗುತ್ತದೆ. ಜಿ3 ರೈಫಲ್‌ನದ್ದಾದರೆ ಕೇಸಿನ ಮೈಮೇಲೆ ಉದ್ದುದ್ದ ಕಪ್ಪು ಗೆರೆ ಬೇರೆ, ಅದರ ಚೇಂಬರ್‌ನಲ್ಲೇ ಕಾಲುವೆ ಕೊರೆದಿರುತ್ತಾರೆ. ಹೊಸಬರಿಗೆ ಒಂದು ಮಾತು. ಈಗಷ್ಟೇ ಬಿದ್ದದ್ದನ್ನು ಎತ್ತಬೇಡಿ, ಬೊಬ್ಬೆ ಬರುತ್ತದೆ. ಬಿಸಿ ಕೇಸು ಕಾಲರ್ ಒಳಗೆ ಬಿದ್ದರೆ ಕುಣಿಯಬೇಡಿ, ಮೊದಲು ರೈಫಲ್ ಮೂತಿ ದಿಬ್ಬದ ಕಡೆಗೇ ಇರಲಿ, ಸುಟ್ಟರೆ ಸುಡಲಿ.

ಸೀಸದ ಬಗ್ಗೆ ಯಾರೂ ಮಾತಾಡುವುದಿಲ್ಲ. ಸಾಮಾನ್ಯ ಪ್ರೈಮರ್‌ನಲ್ಲಿ ಸೀಸದ ಸಂಯುಕ್ತ ಇರುತ್ತದೆ, ಅದು ಉರಿದ ಮಸಿ ಕೇಸಿನ ಒಳಗೆ ಅಂಟಿಕೊಂಡಿರುತ್ತದೆ. ನಾನು ವರ್ಷಗಟ್ಟಲೆ ಜೇಬು ತುಂಬ ಕೇಸು ತುಂಬಿಕೊಂಡು ಬಂದು ಅದೇ ಕೈಯಲ್ಲಿ ಊಟ ಮಾಡಿದ್ದೇನೆ. ಕೇಸು ತಿರುಗಿಸಿ ಉಜ್ಜುವ ಯಂತ್ರ, ಒಣ ಟಂಬ್ಲರ್‌ನ ಮುಚ್ಚಳವನ್ನು ಮನೆಯೊಳಗೇ ತೆಗೆದು ಧೂಳೆಬ್ಬಿಸಿದ್ದೇನೆ. ಈಗ ನೀರಿನಲ್ಲೇ ತೊಳೆಯುವುದು. ಸಣ್ಣ ಸ್ಟೀಲ್ ಪಿನ್ನು, ಒಂದು ತೊಟ್ಟು ಪಾತ್ರೆ ತೊಳೆಯುವ ಸೋಪು, ಚಿಟಿಕೆ ಸಿಟ್ರಿಕ್ ಆಸಿಡ್. ಒಂದೆರಡು ಗಂಟೆ ತಿರುಗಿಸಿದರೆ ನೀರು ಇದ್ದಿಲು ಕಲಸಿದ ಹಾಗೆ ಕಪ್ಪು. ಆ ಪಾತ್ರೆ ಅಡುಗೆಮನೆಗೆ ಹೋಗಬಾರದು. ಅಮೋನಿಯ ಇರುವ ಪಾಲಿಶ್ ಹಾಕಿ ಫಳಫಳ ಮಾಡುವ ಆಸೆಯೂ ಬೇಡ. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿದ್ದ ಸೈನ್ಯದ ಹಿತ್ತಾಳೆ ಕಾಡತೂಸುಗಳು ಮಳೆಗಾಲದಲ್ಲಿ ತಾವಾಗೇ ಬಿರುಕು ಬಿಡುತ್ತಿದ್ದವು. ಇಟ್ಟದ್ದು ಕುದುರೆ ಲಾಯದಲ್ಲಿ, ಕುದುರೆ ಉಚ್ಚೆಯಿಂದ ಬರುವ ಅಮೋನಿಯ ಹಿತ್ತಾಳೆಯನ್ನು ಒಳಗೊಳಗೇ ಸೀಳುತ್ತಿತ್ತು. ಕಾರಣ ಸರಿಯಾಗಿ ಗೊತ್ತಾದದ್ದು 1921ರಲ್ಲಿ.

"ಇಷ್ಟೆಲ್ಲ ಲೆಕ್ಕ ಹಾಕೋದಾದ್ರೆ ಹೊಸ ಕೇಸೇ ತಗೋಬಹುದಲ್ವಾ?" ಅಂತ ಗೆಳೆಯನೊಬ್ಬ ಕೇಳಿದ. ಹೌದು, ಅದನ್ನೇ ಮಾಡಿದ್ದು. 100 ಹೊಸ ಕೇಸು ತಗೊಂಡೆ, ಅವು ನನ್ನ ರೈಫಲ್ ಬಿಟ್ಟು ಬೇರೆಯದನ್ನು ನೋಡಿಲ್ಲ. ಒಂದು ಸಲ ಹೊಡೆದ ಮೇಲೆ ನನ್ನ ಚೇಂಬರ್‌ನ ಆಕಾರಕ್ಕೆ ಬಂದುಬಿಡುತ್ತವೆ, ಆಮೇಲೆ ಭುಜವನ್ನು 0.05 ಮಿ.ಮೀ. ಹಿಂದಕ್ಕೆ ತಳ್ಳಿದರೆ ಸಾಕು. ಎಷ್ಟನೇ ಸಲ ಅಂತ ಡಬ್ಬದ ಮೇಲೆ ಬರೆದಿಡುತ್ತೇನೆ. ದುಡ್ಡು ಉಳಿಯಿತಾ ಅಂದರೆ ಇಲ್ಲ, ಉಳಿದ ದುಡ್ಡಿಗೂ ಸೇರಿಸಿ ಇನ್ನಷ್ಟು ಹೊಡೆದೆ. ರೀಲೋಡಿಂಗ್ ಮಾಡುವವರು ಉಳಿತಾಯದ ಮಾತಾಡಿದರೆ ಹೆಂಡತಿಗೆ ಹೇಳುವ ಕಥೆ ಅಂತ ತಿಳಿಯಿರಿ.

ತೊಳೆದು ಒಣಗಿದ ಮೇಲೆ ನಾಲ್ಕೈದು ಕೇಸು ಮುಷ್ಟಿಯಲ್ಲಿ ಹಿಡಿದು ಅಲ್ಲಾಡಿಸುತ್ತೇನೆ. ಒಳ್ಳೆಯವು ಟಿಣ್ ಟಿಣ್ ಅನ್ನುತ್ತವೆ, ಕತ್ತು ಸೀಳಿದ ಒಂದು ಸೇರಿಕೊಂಡಿದ್ದರೂ ಸದ್ದು ಮೊಂಡಾಗುತ್ತದೆ. ಹೋದ ವಾರ ಹಾಗೊಂದು ಸಿಕ್ಕಿತು. ಬಾಯಿಂದ ಕೆಳಕ್ಕೆ ಕೂದಲಿನಂಥ ಬಿರುಕು. ಡಬ್ಬಕ್ಕೆ ಹಾಕುವ ಮೊದಲು ಇಕ್ಕಳ ತಗೊಂಡು ಅದರ ಬಾಯಿ ಪೂರ್ತಿ ಜಜ್ಜಿದೆ. ಇಲ್ಲದಿದ್ದರೆ ನನ್ನಂಥವನೇ ಇನ್ನೊಬ್ಬ ಎಲ್ಲೋ ಅದನ್ನು ಕಂಡು, ಸುತ್ತಮುತ್ತ ನೋಡಿ, ಜೇಬಿಗೆ ಇಳಿಸಿಬಿಡುತ್ತಾನೆ.