ನಿಮಗೆ ಮಾತ್ರ ಹೇಳಿದ್ದು, ಬರೀಬೇಡಿ

"ಇದನ್ನ ಮಾತ್ರ ಬರೀಬೇಡಿ." ಈ ಮಾತು ಹೇಳಿದವರೆಲ್ಲ ಸ್ಥಳದಲ್ಲೇ ಹತ್ತು ರೂಪಾಯಿ ದಂಡ ಕಟ್ಟಬೇಕು ಅಂತ ಒಂದು ಕಾನೂನು ಬಂದರೆ, ನಾನು ಪತ್ರಿಕೆಗಳ ಸಂಭಾವನೆಗೆ ಕಾಯುವುದನ್ನೇ ಬಿಟ್ಟುಬಿಡುತ್ತೇನೆ. ನೆಮ್ಮದಿಯಾಗಿ ಬದುಕುವಷ್ಟು ಆದಾಯ ಅದರಲ್ಲೇ ಇದೆ.

ಪತ್ರಿಕೋದ್ಯಮದ ತರಗತಿಯಲ್ಲಿ ಮೇಷ್ಟ್ರು ಮೊದಲ ದಿನವೇ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಿದ್ದರು. ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ. ಇಷ್ಟಕ್ಕೆ ಉತ್ತರ ಸಿಕ್ಕರೆ ಸುದ್ದಿ ಸಿಕ್ಕ ಹಾಗೆ. ಮುಖ್ಯವಾದದ್ದನ್ನು ಮೇಲೆ ಹಾಕಿ, ಉಳಿದದ್ದನ್ನು ಕೆಳಗೆ ಹಾಕಿ. ಜಾಗ ಸಾಲದಿದ್ದರೆ ಡೆಸ್ಕಿನವರು ಬುಡದಿಂದ ಕತ್ತರಿಸಿಕೊಂಡು ಬರುತ್ತಾರೆ. ಇದಕ್ಕೆ ತಲೆಕೆಳಗಾದ ಪಿರಮಿಡ್ ಅಂತ ಹೆಸರು. ನೋಟ್ ಪುಸ್ತಕದಲ್ಲಿ ಸ್ಕೇಲ್ ಇಟ್ಟು ಪಿರಮಿಡ್ ಬರೆದುಕೊಂಡಿದ್ದೆ. ಈಜಿಪ್ಟಿನದ್ದು ಯಾಕೆ ನೆಟ್ಟಗಿದೆ ಅಂತ ಹಿಂದಿನ ಬೆಂಚಿನವನೊಬ್ಬ ಕೇಳಿ ಹೊರಗೆ ಹೋಗಿದ್ದ.

ಪಾಠ ಎಲ್ಲ ಸರಿ. ಆದರೆ ನಮ್ಮ ಜನ ಆ ಆರೂ ಪ್ರಶ್ನೆಗೆ ಉತ್ತರ ಕೊಟ್ಟು, ಕೇಳದೇ ಇದ್ದ ಏಳನೆಯದಕ್ಕೂ ಉತ್ತರ ಕೊಟ್ಟು, ಆಮೇಲೆ ಆಚೀಚೆ ನೋಡಿ, "ನಿಮಗೆ ಗೊತ್ತಿರಲಿ ಅಂತ ಹೇಳಿದ್ದು, ಬರೀಬೇಡಿ" ಅನ್ನುತ್ತಾರಲ್ಲ, ಅದಕ್ಕೆ ಯಾವ ಚಿತ್ರವೂ ಇರಲಿಲ್ಲ.

ಪಂಚಾಯಿತಿ ಸದಸ್ಯರೊಬ್ಬರು ಟೀ ಅಂಗಡಿಯಲ್ಲಿ ಇಡೀ ಬಸ್‌ಸ್ಟ್ಯಾಂಡಿಗೆ ಕೇಳುವ ಹಾಗೆ ಕೂಗಿ ಒಂದು ವಿಷಯ ಹೇಳಿದರು. ಬಸ್ಸಿನ ಕಿಟಕಿಯಲ್ಲಿ ಕೂತಿದ್ದವರೂ ತಲೆ ಹಾಕಿ ಕೇಳಿಸಿಕೊಂಡರು. ಆಮೇಲೆ ನನ್ನನ್ನು ಮಾತ್ರ ಪಕ್ಕಕ್ಕೆ ಕರೆದು, "ಮೇಡಂ, ಇದು ಗುಟ್ಟಾಗಿರ್ಲಿ" ಅಂದರು. ನಿವೃತ್ತ ಅಧಿಕಾರಿಯೊಬ್ಬರು ತಾವು ಕೆಲಸಕ್ಕೆ ಸೇರಿದ ಇಸವಿಯನ್ನೂ ಬರೆಯಬಾರದು ಅಂದರು. ಕಾರಣ ಕೇಳಿದರೆ, "ಅದನ್ನಂತೂ ಬರೀಲೇಬಾರದು". ಮನೆಯಲ್ಲೂ ಇದೇ ಕಥೆ. ನಾನು ಪೆನ್ನು ಹಿಡಿದು ಕೂತರೆ ಸಾಕು, ಅತ್ತೆ ಒಳಗಿನಿಂದಲೇ "ನನ್ನ ಬಗ್ಗೆ ಏನೂ ಬರೀಬೇಡ" ಅನ್ನುತ್ತಾರೆ. ಬರೆಯುತ್ತಿರುವುದು ಹಾಲಿನವನ ಲೆಕ್ಕ.

ಆದರೆ ಈ ವಿದ್ಯೆಯಲ್ಲಿ ಎಲ್ಲರನ್ನೂ ಮೀರಿಸಿದವರು ಅಡುಗೆ ಭಟ್ರು. ಮೊನ್ನೆ ಅವರ ಸಂದರ್ಶನ ಮಾಡಿ ಬಂದೆ. ತಲೆ ಇನ್ನೂ ಸರಿಹೋಗಿಲ್ಲ.

ವೈಶಾಖದ ಮದುವೆ ಸೀಸನ್ ಅಲ್ವಾ, ಪುರವಣಿಯವರು ಫೋನ್ ಮಾಡಿದ್ದರು. "ಮೇಡಂ, ಒಬ್ಬರು ಅಡುಗೆಯವರ ಮೇಲೆ ಒಂದು ಒಳ್ಳೆ ಲೇಖನ ಕೊಡಿ. ಎಂಟುನೂರು ಪದ. ಒಳಗಿನ ಕಥೆ ಇರಬೇಕು." ನಮ್ಮ ಸಾಗರದ ಸುತ್ತಮುತ್ತ ಮದುವೆ, ಮುಂಜಿ, ಗೃಹಪ್ರವೇಶ ಯಾವುದೇ ಆದರೂ ಅಡುಗೆಗೆ ಈ ಭಟ್ರೇ ಬರಬೇಕು. ದಿನಾಂಕವನ್ನು ಪುರೋಹಿತರ ಹತ್ತಿರ ಕೇಳುವ ಮೊದಲು ಇವರ ಹತ್ತಿರ ಕೇಳುವವರಿದ್ದಾರೆ. ಛತ್ರದ ಹಿಂಬದಿಗೆ ಹೋದೆ. ಹೋಳಿಗೆಗೆ ಹೂರಣ ರುಬ್ಬುತ್ತಿತ್ತು. ಭಟ್ರು ಮಣೆಯ ಮೇಲೆ ಕೂತು ಹುಡುಗರಿಗೆ ಬಯ್ಯುತ್ತಾ, ಮಧ್ಯೆ ಮಧ್ಯೆ ಯಾರದೋ ಮದುವೆಯ ಕಥೆ ಹೇಳುತ್ತಾ ನಗಿಸುತ್ತಿದ್ದರು. ಇಂಥ ಮಾತುಗಾರ ಸಿಕ್ಕರೆ ಎಂಟುನೂರು ಪದ ಏನು ಮಹಾ ಅನ್ನಿಸಿತು.

ಮೊಬೈಲಿನಲ್ಲಿ ರೆಕಾರ್ಡಿಂಗ್ ಒತ್ತಿ ಅವರ ಮುಂದೆ ಇಟ್ಟೆ.

ಭಟ್ರು ಬೆನ್ನು ನೆಟ್ಟಗೆ ಮಾಡಿದರು. ಹೆಗಲ ಮೇಲಿನ ಟವೆಲ್ ಸರಿ ಮಾಡಿಕೊಂಡರು. ಗಂಟಲು ಸರಿ ಮಾಡಿಕೊಂಡರು. "ಸಮಸ್ತ ಓದುಗ ಬಾಂಧವರಿಗೆ ನನ್ನ ನಮಸ್ಕಾರಗಳು. ಅಡುಗೆ ಎನ್ನುವುದು ಒಂದು ತಪಸ್ಸು. ಶುಚಿ, ರುಚಿ, ಸಮಯಪಾಲನೆ ನಮ್ಮ ಧ್ಯೇಯ. ಎಲ್ಲವೂ ಗುರುಹಿರಿಯರ ಆಶೀರ್ವಾದ." ಅಷ್ಟು ಹೇಳಿ ಮೊಬೈಲನ್ನೇ ನೋಡುತ್ತಾ ಕೂತರು. ಮೊಬೈಲೂ ಅವರನ್ನು ನೋಡುತ್ತಾ ಕೂತಿತು.

"ಭಟ್ರೇ, ನಾನೂರು ಜನ ಅಂತ ಹೇಳಿ ಆರುನೂರು ಜನ ಬಂದುಬಿಟ್ರೆ ಏನು ಮಾಡ್ತೀರಿ?"

"ಅನ್ನಪೂರ್ಣೇಶ್ವರಿಯ ದಯೆಯಿಂದ ಯಾರಿಗೂ ಕಮ್ಮಿ ಆಗುವುದಿಲ್ಲ" ಅಂದರು. ಆಮೇಲೆ ಮುಂದೆ ಬಾಗಿ, "ಅದು ಆಫ್ ಮಾಡು ತಂಗಿ" ಅಂದರು. ಆಫ್ ಮಾಡಿದೆ. "ಆಯ್ತಾ? ಪೂರ್ತಿ ಆಫ್ ಆಯ್ತಾ? ಎಲ್ಲಿ, ತೋರ್ಸು." ಪರದೆ ಕಪ್ಪಗಾಗಿದ್ದನ್ನು ನೋಡಿದ ಮೇಲೆ ಶುರು ಮಾಡಿದರು ನೋಡಿ!

ಏನು ಹೇಳಿದರು ಅಂತ ಕೇಳಬೇಡಿ, ನಾನು ಹೇಳುವ ಹಾಗಿಲ್ಲ. ಅದನ್ನು ಕೇಳಿದ ಮೇಲೆ ನಾನು ಮೂರನೇ ಪಂಕ್ತಿಯಲ್ಲಿ ಊಟಕ್ಕೆ ಕೂರುವುದನ್ನು ಬಿಟ್ಟಿದ್ದೇನೆ, ಅಷ್ಟು ಮಾತ್ರ ಹೇಳಬಹುದು. ಅಕ್ಕಪಕ್ಕದ ಹುಡುಗರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನನ್ನ ಕೈ ತನ್ನಷ್ಟಕ್ಕೆ ಪೆನ್ನು ಹಿಡಿದು ಓಡುತ್ತಿತ್ತು. ಭಟ್ರು ಕಣ್ಣು ಹಾಯಿಸಿದರು. "ಏನು, ಬರ್ಕೊಂಡ್ಯಾ?" ಪುಸ್ತಕ ಇಸಕೊಂಡು, ನನ್ನದೇ ಪೆನ್ನಿನಲ್ಲಿ, ಸಾಲಿನ ಮೇಲೆ ಸಾಲು ಹೊಡೆದು ಹಾಕಿದರು. ಆ ಪುಟದ ಮೂಲೆಯಲ್ಲಿ ಈಗ ಅರಿಶಿನದ ಒಂದು ಹೆಬ್ಬೆಟ್ಟಿದೆ, ಸಬ್ ರಿಜಿಸ್ಟ್ರಾರ್ ಆಫೀಸಿನ ದಸ್ತಾವೇಜಿನಲ್ಲಿ ಇರುವ ಹಾಗೆ.

ಹೀಗೇ ನಡೆಯಿತು. ಆನ್ ಮಾಡಿದರೆ ತಪಸ್ಸು, ಆಫ್ ಮಾಡಿದರೆ ರಾಮಾಯಣ. ಉಪ್ಪು ಜಾಸ್ತಿಯಾದರೆ ಏನು ಮಾಡುತ್ತೀರಿ? ಆನ್: "ನಮ್ಮಲ್ಲಿ ಜಾಸ್ತಿ ಆಗುವುದಿಲ್ಲ." ಆಫ್: ಹತ್ತು ನಿಮಿಷ. ಗಂಡಿನ ಕಡೆಯವರು ತಕರಾರು ತೆಗೆದರೆ? ಆನ್: "ಅವರೂ ದೇವರ ಸಮಾನ." ಆಫ್: ಊರು, ಹೆಸರು, ಗೋತ್ರ ಸಮೇತ ಅರ್ಧ ಗಂಟೆ. ಕೊನೆಗೆ ರೆಕಾರ್ಡಿಂಗಿನಲ್ಲಿ ಉಳಿದಿದ್ದು ಒಂದಿಷ್ಟು ಗ್ರೈಂಡರ್ ಸದ್ದು ಮತ್ತು ಗುರುಹಿರಿಯರ ಆಶೀರ್ವಾದ.

ನಿಯಮದ ಪ್ರಕಾರ ನಾನು ಇದರಲ್ಲಿ ಸ್ವಲ್ಪವನ್ನಾದರೂ ಬರೆಯಬಹುದಿತ್ತು. ಮೇಷ್ಟ್ರು ಅದನ್ನೂ ಹೇಳಿಕೊಟ್ಟಿದ್ದರು. ಆಫ್ ದಿ ರೆಕಾರ್ಡ್ ಅನ್ನುವುದು ಬಾಯಿ ಬಿಡುವ ಮೊದಲೇ ಇಬ್ಬರೂ ಒಪ್ಪಿಕೊಳ್ಳಬೇಕಾದ ಕರಾರು. ಎಲ್ಲ ಹೇಳಿ ಮುಗಿಸಿ ಆಮೇಲೆ ಬಾಗಿಲು ಹಾಕಿದರೆ ಲೆಕ್ಕಕ್ಕಿಲ್ಲ. ಆದರೆ ಒಮ್ಮೆ ಒಪ್ಪಿಕೊಂಡು ಕೇಳಿಸಿಕೊಂಡರೆ ಮುಗೀತು, ಆ ನಂಬಿಕೆ ಕೆಡಿಸಬಾರದು ಅಂತ ಪ್ರೆಸ್ ಕೌನ್ಸಿಲ್ಲಿನ ನಡಾವಳಿಯೂ ಹೇಳುತ್ತದೆ. ಭಟ್ರು ಇದನ್ನೆಲ್ಲ ಓದಿದವರಲ್ಲ. ಆದರೂ ಹೆಚ್ಚುಕಮ್ಮಿ ಪ್ರತಿಸಲ ಮೊದಲೇ ಆಫ್ ಮಾಡಿಸಿಯೇ ಬಾಯಿ ಬಿಟ್ಟರು! ಮೊದಲು ಹೇಳಿ ಆಮೇಲೆ ಬೇಡ ಅಂದ ಒಂದೆರಡು ವಿಷಯವೂ ಇತ್ತು, ಅದನ್ನು ಧೈರ್ಯವಾಗಿ ಹಾಕಬಹುದಿತ್ತು. ಆದರೆ ಮುಂದಿನ ವಾರ ಭಾವನ ಮನೆ ಗೃಹಪ್ರವೇಶ. ಅಡುಗೆ ಇವರದ್ದೇ. ಪತ್ರಿಕಾಧರ್ಮ ದೊಡ್ಡದು, ನಿಜ. ಅಕ್ಕನ ಸಿಟ್ಟು ಅದಕ್ಕಿಂತ ದೊಡ್ಡದು.

ಇದು ಇವತ್ತಿನ ಕಷ್ಟವೇನೂ ಅಲ್ಲ ಅಂತ ಸಮಾಧಾನ ಮಾಡಿಕೊಳ್ಳುತ್ತೇನೆ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಶುರುವಾಗಿದ್ದು 1843ರ ಜುಲೈ 1ರಂದು. ಹದಿನೈದು ದಿನಕ್ಕೊಮ್ಮೆ ನಾಲ್ಕು ಪುಟ, ಕಲ್ಲಚ್ಚಿನಲ್ಲಿ. ಅದಕ್ಕೇ ನಾವು ಈಗಲೂ ಜುಲೈ 1ಕ್ಕೆ ಪತ್ರಿಕಾ ದಿನ ಅಂತ ಭಾಷಣ ಕೇಳುವುದು. ಸಂಪಾದಕರು ಹರ್ಮನ್ ಮೋಗ್ಲಿಂಗ್, ದೂರದ ಜರ್ಮನಿಯಿಂದ ಬಂದವರು. ಅವರನ್ನೂ ಮಂಗಳೂರಿನ ಯಾರೋ ಒಬ್ಬರು ಬಂದರಿನ ಹತ್ತಿರ ಪಕ್ಕಕ್ಕೆ ಕರೆದು, "ಪಾದ್ರಿಗಳೇ, ಇದು ನಿಮಗೆ ಮಾತ್ರ ಹೇಳಿದ್ದು" ಅಂದಿರಲೇಬೇಕು. ಮರುವರ್ಷವೇ ಪತ್ರಿಕೆ ಬಳ್ಳಾರಿಗೆ ಹೋಯಿತು, ಹೆಸರೂ 'ಕನ್ನಡ ಸಮಾಚಾರ' ಆಯಿತು. ಅಲ್ಲಿ ಅಚ್ಚುಮೊಳೆಯ ಸೌಕರ್ಯ ಇತ್ತು ಅಂತ ತಿಳಿದವರು ಕಾರಣ ಕೊಡುತ್ತಾರೆ. ನನಗೆ ಬೇರೆಯೇ ಅನುಮಾನ.

ಸರಿ, ಮನೆಗೆ ಬಂದು ಬರೆಯಲು ಕೂತೆ. ಹೇಳಿದ್ದನ್ನು ಬರೆಯುವ ಹಾಗಿಲ್ಲ, ಕಣ್ಣಾರೆ ಕಂಡಿದ್ದಕ್ಕೆ ಯಾರ ಅಪ್ಪಣೆಯೂ ಬೇಡ ತಾನೇ? ಕಂಡಿದ್ದನ್ನು ಬರೆದೆ. ನೈವೇದ್ಯ ಆಗುವವರೆಗೂ ಭಟ್ರು ಯಾವುದನ್ನೂ ನಾಲಗೆಗೆ ಮುಟ್ಟಿಸುವುದಿಲ್ಲ. ಕೊಪ್ಪರಿಗೆಯಲ್ಲಿ ಹುಳಿ ಕುದಿಯುತ್ತಿರುವಾಗ ಸೌಟಿನಲ್ಲಿ ಸ್ವಲ್ಪ ಎತ್ತಿ ಮೂಗಿನ ಹತ್ತಿರ ತಂದು, ಒಂದು ಕ್ಷಣ ಕಣ್ಣು ಮುಚ್ಚಿ, "ಉಪ್ಪು ಸಾಲದು" ಅನ್ನುತ್ತಾರೆ. ಒಂದು ಹಿಡಿ ಕಲ್ಲುಪ್ಪು ತೆಗೆದು, ಅಂಗೈಯಲ್ಲೇ ತೂಗಿ, ನಾಲ್ಕು ಹರಳು ವಾಪಸ್ ಡಬ್ಬಕ್ಕೆ ಹಾಕಿ ಉಳಿದದ್ದನ್ನು ಸುರಿಯುತ್ತಾರೆ. ಆ ನಾಲ್ಕು ಹರಳು ಯಾಕೆ ವಾಪಸ್ ಹೋದವು ಅಂತ ಅವರಿಗೂ ಹೇಳಲು ಬರಲಿಲ್ಲ. ಇದು ಲೇಖನದ ಮೊದಲ ಪ್ಯಾರಾ ಆಯಿತು.

ಲೇಖನದ ಕೊನೆಗೆ ಅಂತಲೂ ಒಂದು ವಿಷಯ ಇಟ್ಟುಕೊಂಡಿದ್ದೆ. ಹೊರಡುವಾಗ ಭಟ್ರು ಮಜ್ಜಿಗೆ ಕೊಟ್ಟು ಜಗಲಿಯಲ್ಲಿ ಕೂರಿಸಿದರು. ಮೊದಲೆಲ್ಲ ಮದುವೆ ಮನೆಗೆ ಎರಡು ದಿನ ಮೊದಲೇ ಹೋಗುತ್ತಿದ್ದರಂತೆ. ಅಕ್ಕಪಕ್ಕದ ಮನೆಯವರೆಲ್ಲ ಬಂದು ರಾತ್ರಿಯಿಡೀ ಕಾಯಿ ತುರಿದು, ತರಕಾರಿ ಹೆಚ್ಚಿ ಕೊಡುತ್ತಿದ್ದರಂತೆ. ಈಗ ಎಲೆಗೆ ಇಷ್ಟು ಅಂತ ಮಾತಾಡಿ, ಬಂದು, ಬಡಿಸಿ, ಪಾತ್ರೆ ತೊಳೆದು ಹೊರಡುವುದು. ಕಲಿಯುವ ಹುಡುಗರೂ ಇಲ್ಲ. "ನನ್ನ ಮಗ ಬೆಂಗಳೂರಲ್ಲಿದಾನೆ. ದಿನಾ ಮೊಬೈಲ್ ಒತ್ತಿ ಊಟ ತರಿಸ್ಕೊಳ್ತಾನಂತೆ. ಹುಳಿ ಮಾಡೋದು ಹೇಳ್ಕೊಡ್ತೀನಿ ಬಾರೋ ಅಂದ್ರೆ ಬರಲ್ಲ" ಅಂದು ಸುಮ್ಮನಾದರು.

ನಾನೇ ಪುಸ್ತಕ ಮುಚ್ಚಿ, "ಇದನ್ನ ಬರಿಯಲ್ಲ ಬಿಡಿ ಭಟ್ರೇ" ಅಂದೆ.

"ಇಲ್ಲ ತಂಗಿ, ಇದನ್ನ ಬರಿ. ಅವ್ನು ಪೇಪರ್ ಓದಲ್ಲ."

ಬರೆದೆ. ಕಳಿಸುವಾಗ ಎಂದಿನ ಪೂಜೆಯೂ ಆಯಿತು. ಮುದ್ರಣದವರಿಗೆ 'ನುಡಿ' ತಂತ್ರಾಂಶದ ಅಕ್ಷರದಲ್ಲಿ ಬೇಕು, ವೆಬ್‌ಸೈಟಿನವರಿಗೆ ಯುನಿಕೋಡಿನಲ್ಲಿ ಬೇಕು. ಒಂದರಿಂದ ಒಂದಕ್ಕೆ ಬದಲಾಯಿಸುವಷ್ಟರಲ್ಲಿ ಅರ್ಕಾವತ್ತುಗಳು ತಮ್ಮ ಮನೆ ಬಿಟ್ಟು ಪಕ್ಕದ ಮನೆ ಸೇರಿಕೊಂಡಿರುತ್ತವೆ. ಕೂತು ಒಂದೊಂದನ್ನೇ ಕೈ ಹಿಡಿದು ಕರೆತಂದು ಬಿಟ್ಟೆ. ಸಂಭಾವನೆಯ ಮಾತು ಎತ್ತುವುದಿಲ್ಲ. ಡಿ.ವಿ.ಜಿ.ಯವರು ತಮಗೆ ಬಂದ ಚೆಕ್ಕುಗಳನ್ನು ನಗದು ಮಾಡಿಸದೆ ಪೆಟ್ಟಿಗೆಯಲ್ಲಿ ಇಟ್ಟಿದ್ದರು ಅನ್ನುವ ಕಥೆ ನೀವೂ ಕೇಳಿರುತ್ತೀರಿ. ಹೋದ ವರ್ಷ ನಾನೂ ಒಂದೇ ಒಂದು ಚೆಕ್ ನಗದು ಮಾಡಿಸಿಲ್ಲ. ಬಂದರೆ ತಾನೇ.

ಇವತ್ತು ಬೆಳಿಗ್ಗೆ ಡೆಸ್ಕಿನಿಂದ ಫೋನ್. "ಮೇಡಂ, ಸೂಪರ್ ಆಗಿದೆ. ಒಂದು ಸಣ್ಣ ವಿಷಯ. ಚಿನ್ನದಂಗಡಿಯ ಅರ್ಧ ಪುಟ ಜಾಹೀರಾತು ಬಂದ್ಬಿಟ್ಟಿದೆ, ಎಂಟುನೂರು ಆಗಲ್ಲ, ಮುನ್ನೂರೈವತ್ತು ಮಾಡಿದೀವಿ. ಆ ಮಗಂದು ಕೊನೇಲಿತ್ತಲ್ಲ, ಅದನ್ನ ತೆಗೆದಿದೀವಿ. ಸ್ವಲ್ಪ ಡಲ್ ಆಗುತ್ತೆ." ಪಿರಮಿಡ್ ತನ್ನ ಕೆಲಸ ಮಾಡಿತ್ತು. ಮಾತು ಅಲ್ಲಿಗೇ ನಿಲ್ಲಲಿಲ್ಲ. "ಮತ್ತೆ, ಲೇಖನ ಒಂಚೂರು ಸಪ್ಪೆ ಆಯ್ತು ಮೇಡಂ. ಒಂದು ಬಾಕ್ಸ್ ಮಾಡ್ಕೊಡಿ. 'ಅಡುಗೆಮನೆಯ ಗುಟ್ಟುಗಳು' ಅಂತ ನಾಲ್ಕೈದು ಪಾಯಿಂಟ್. ಅವರು ಹೇಳೇ ಇರ್ತಾರಲ್ಲ? ಸಂಜೆ ನಾಲ್ಕಕ್ಕೆ ಪೇಜ್ ಹೋಗುತ್ತೆ."

ಮನಸ್ಸಿನಲ್ಲಿ ಏನು ಅಂದುಕೊಂಡೆ ಅನ್ನುವುದು ಆಫ್ ದಿ ರೆಕಾರ್ಡ್.

ಬೇರೆ ದಾರಿ ಇಲ್ಲದೆ ಭಟ್ರಿಗೆ ಫೋನ್ ಮಾಡಿದೆ. ಒಂದೇ ಒಂದು ಗುಟ್ಟು ಹಾಕೋಕೆ ಬಿಡಿ, ಆ ಮೂರನೇ ಪಂಕ್ತಿಯದ್ದು ಬೇಡ, ಉಪ್ಪಿನದ್ದಾದರೂ ಕೊಡಿ ಅಂತ ಗೋಗರೆದೆ. ಭಟ್ರು ಮೊದಲು ಫೋಟೊ ಕಲರ್‌ನಲ್ಲಿ ಬರುತ್ತಾ ಅಂತ ವಿಚಾರಿಸಿದರು. ಬರುತ್ತೆ ಅಂದೆ. ಸ್ವಲ್ಪ ಹೊತ್ತು ಒಗ್ಗರಣೆಯ ಚಟಪಟ ಮಾತ್ರ ಕೇಳಿಸಿತು.

"ಆಗ್ಲಿ ತಂಗಿ, ಎಲ್ಲಾ ಬರಿ. ಮೂರನೇ ಪಂಕ್ತಿದೂ ಬರಿ, ಉಪ್ಪಿಂದೂ ಬರಿ. ಆದ್ರೆ ನಾನು ಹೇಳ್ದೆ ಅಂತ ಬರೀಬೇಡ. ಹೊಸನಗರದ ಕಡೆ ಇನ್ನೊಬ್ರು ಅಡುಗೆಯವ್ರಿದಾರಲ್ಲ, ಅವ್ರು ಹೇಳಿದ್ರು ಅಂತ ಹಾಕು."

ಆಮೇಲೆ ಅವರ ಹೆಸರನ್ನು ಇನಿಷಿಯಲ್ ಸಮೇತ, ನಿಧಾನವಾಗಿ, ಎರಡು ಸಲ ಬರೆಸಿದರು. ಮೊಬೈಲ್ ನಂಬರೂ ಬೇಕಾ ಅಂತ ಕೇಳಿದರು.